ಯಾರ ಪೈಕಿ?

ಚಿಕ್ಕ ಶವಪೆಟ್ಟಿಗೆಯಲ್ಲಿ ಮಲಗಿಸಿದ ಹಸುಗೂಸು. ಮೈಮೇಲೆ ಬಿಳಿ ಅಂಗಿ, ಪಕ್ಕದಲ್ಲಿ ಹೂವು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಒಂದು ಸಣ್ಣ ಊರಿನಲ್ಲಿ, ನೂರಿಪ್ಪತ್ತು ವರ್ಷಕ್ಕೂ ಹಿಂದೆ ತೆಗೆದ ಇಂಥ ಚಿತ್ರಗಳನ್ನು ಮೊದಲ ಸಲ ನೋಡಿದಾಗ ನಾನು ಪುಟ ಮುಚ್ಚಿಬಿಟ್ಟೆ. ಸತ್ತ ಮಗುವಿನ ಮುಂದೆ ಕ್ಯಾಮೆರಾ ನಿಲ್ಲಿಸಲು ಆ ಜನಕ್ಕೆ ಮನಸ್ಸಾದರೂ ಹೇಗೆ ಬಂತು ಎಂದುಕೊಂಡೆ. ಆ ಪ್ರಶ್ನೆಯೇ ತಪ್ಪು ಎಂದು ತಿಳಿಯಲು ನನಗೆ ಬಹಳ ಕಾಲ ಹಿಡಿಯಿತು. ಎಲ್ಲಿ ತಪ್ಪಿದೆ ಎಂಬುದನ್ನು ಹೇಳಲೆಂದೇ ಈ ಪ್ರಕರಣವನ್ನು ಎತ್ತಿಕೊಂಡಿದ್ದೇನೆ.

ಊರಿನ ಹೆಸರು ಬ್ಲ್ಯಾಕ್ ರಿವರ್ ಫಾಲ್ಸ್. ಜಾಕ್ಸನ್ ಕೌಂಟಿಯ ಆಡಳಿತದ ಊರು. ಕೌಂಟಿ ಎಂದರೆ ನಮ್ಮ ತಾಲ್ಲೂಕನ್ನು ನೆನೆಸಿಕೊಂಡರೆ ಸಾಕು. 1890ರ ಹೊತ್ತಿಗೆ ಇಡೀ ಕೌಂಟಿಯ ಜನಸಂಖ್ಯೆ ಸುಮಾರು 16 ಸಾವಿರ. ಪೈನ್ ಮರ ಕಡಿದು ನದಿಯಲ್ಲಿ ತೇಲಿಬಿಡುವುದು, ಮರ ಕಡಿದ ನೆಲದಲ್ಲಿ ಬೇಸಾಯ ಹೂಡುವುದು, ಇವೇ ಅಲ್ಲಿನ ಜೀವನ. ನಾರ್ವೆಯಿಂದ, ಜರ್ಮನಿಯಿಂದ ಹಡಗು ಹತ್ತಿ ಬಂದ ಕುಟುಂಬಗಳು ಅರ್ಧ ವರ್ಷದ ಹಿಮದ ನಡುವೆ, ಒಂದು ಮನೆಯ ದೀಪ ಇನ್ನೊಂದು ಮನೆಗೆ ಕಾಣದಷ್ಟು ದೂರದೂರ ನೆಲೆಸಿದ್ದವು. ಊರಿಗೊಬ್ಬ ಫೋಟೋಗ್ರಾಫರ್ ಇದ್ದ: ಚಾರ್ಲ್ಸ್ ವ್ಯಾನ್ ಸ್ಕೈಕ್. ಊರಿಗೊಂದು ಪತ್ರಿಕೆ ಇತ್ತು: ಫ್ರ್ಯಾಂಕ್ ಕೂಪರ್ ಸಂಪಾದಕನಾಗಿದ್ದ 'ಬ್ಯಾಜರ್ ಸ್ಟೇಟ್ ಬ್ಯಾನರ್'. ಮದುವೆ, ಕುದುರೆ, ಬ್ಯಾಂಡ್ ತಂಡ, ಅಂಗಡಿಯ ಮುಂದೆ ಎದೆಯುಬ್ಬಿಸಿ ನಿಂತ ಮಾಲೀಕ, ಶಾಲೆಯ ಮಕ್ಕಳು, ಎಲ್ಲವನ್ನೂ ವ್ಯಾನ್ ಸ್ಕೈಕ್ ಗಾಜಿನ ಫಲಕಗಳ ಮೇಲೆ ಹಿಡಿದಿಟ್ಟ. ಯಾರು ಹುಟ್ಟಿದರು, ಯಾರು ಸತ್ತರು, ಯಾರ ಕೊಟ್ಟಿಗೆ ಸುಟ್ಟಿತು ಎಂಬುದನ್ನು ಕೂಪರ್ ಎರಡು ಮೂರು ಸಾಲಿನಲ್ಲಿ ಅಚ್ಚು ಹಾಕಿಸಿದ.

1973ರಲ್ಲಿ ಮೈಕೆಲ್ ಲೆಸಿ ಎಂಬ ತರುಣ ಇತಿಹಾಸಕಾರ ಇವೆರಡನ್ನೂ ಜೋಡಿಸಿ 'ವಿಸ್ಕಾನ್ಸಿನ್ ಡೆತ್ ಟ್ರಿಪ್' ಎಂಬ ಪುಸ್ತಕ ತಂದ. ವ್ಯಾನ್ ಸ್ಕೈಕನ 30 ಸಾವಿರದಷ್ಟು ಫಲಕಗಳಲ್ಲಿ 3 ಸಾವಿರದಷ್ಟನ್ನು ವಿಸ್ಕಾನ್ಸಿನ್‌ನ ಇತಿಹಾಸ ಸಂಘ ಆರಿಸಿ ಕಾಪಾಡಿತ್ತು. ಲೆಸಿ ಅವುಗಳಿಂದ ಇನ್ನೂರಕ್ಕಿಂತ ಕಡಿಮೆ ಚಿತ್ರಗಳನ್ನು ತೆಗೆದುಕೊಂಡ. ಅವುಗಳ ನಡುವೆ 1885ರಿಂದ 1900ರವರೆಗಿನ ಪತ್ರಿಕೆಯ ತುಣುಕುಗಳನ್ನೂ, ಮ್ಯಾಡಿಸನ್ ಬಳಿಯ ಮೆಂಡೋಟ ಮಾನಸಿಕ ಆಸ್ಪತ್ರೆಯ ದಾಖಲೆಗಳನ್ನೂ ಪೋಣಿಸಿದ. ಪುಟಗಳಿಗೆ ಸಂಖ್ಯೆ ಇಲ್ಲ. ಚಿತ್ರಗಳಿಗೆ ಅಡಿಬರಹ ಇಲ್ಲ. ಓದುತ್ತ ಹೋದರೆ ಸಾವು, ಹುಚ್ಚು, ಬೆಂಕಿ, ಆತ್ಮಹತ್ಯೆ, ಮತ್ತೆ ಸಾವು. ಪುಸ್ತಕ ಕೆಳಗಿಟ್ಟಾಗ ಒಂದು ಇಡೀ ಸೀಮೆಯೇ ಬುದ್ಧಿಭ್ರಮಣೆಗೆ ಒಳಗಾಗಿತ್ತೇನೋ ಎನಿಸುತ್ತದೆ.

ಆ ಸಂಕಟ ಸುಳ್ಳಲ್ಲ. ಅದನ್ನು ಮೊದಲು ನೆಟ್ಟ ನೋಟದಿಂದ ನೋಡಬೇಕು. ಮಕ್ಕಳನ್ನು ಒಯ್ದದ್ದು ಬಹುಮಟ್ಟಿಗೆ ಗಂಟಲಮಾರಿ, ಅಂದರೆ ಡಿಫ್ತೀರಿಯಾ. ಗಂಟಲಿನ ಒಳಗೆ ಬೂದುಬಣ್ಣದ ಪೊರೆ ಕಟ್ಟಿಕೊಂಡು ಉಸಿರಿನ ದಾರಿ ಮುಚ್ಚುತ್ತದೆ. ರೋಗಾಣು ಬಿಡುವ ವಿಷ ಹೃದಯವನ್ನು ಹಿಡಿಯುತ್ತದೆ. ಒಂದು ಮಗುವಿಗೆ ಬಂದರೆ ಅದೇ ಹಾಸಿಗೆಯಲ್ಲಿ ಮಲಗುವ ಅಣ್ಣ ತಂಗಿಯರಿಗೂ ಬಂತು. ಕೆಲವು ಮನೆಗಳಲ್ಲಿ ಒಂದೆರಡು ವಾರದೊಳಗೆ ಮಕ್ಕಳೆಲ್ಲ ಹೋದರು. ಸೋಂಕಿನ ಭಯಕ್ಕೆ ನೆರೆಯವರು ಹೊಸಿಲು ತುಳಿಯುವಂತಿರಲಿಲ್ಲ. ಸಾಂತ್ವನ ಹೇಳುವ ಬಾಯಿಯೂ ದೂರವೇ ನಿಂತಿತು.

ಇಲ್ಲಿ ಎದೆಗೆ ನಾಟುವ ಒಂದು ಕಾಲಗಣನೆ ಇದೆ. ಆ ರೋಗದ ಸೂಕ್ಷ್ಮಾಣುವನ್ನು ಜರ್ಮನಿಯಲ್ಲಿ ಲೋಫ್ಲರ್ ಎಂಬ ವಿಜ್ಞಾನಿ ಪ್ರತ್ಯೇಕಿಸಿ ತೋರಿಸಿದ್ದು 1884ರಲ್ಲಿ. ಬೆಹ್ರಿಂಗ್ ಮತ್ತು ಕಿಟಸಾಟೊ ಎಂಬ ವಿಜ್ಞಾನಿಗಳು ಪ್ರತಿವಿಷದ ತತ್ವವನ್ನು ಪ್ರಕಟಿಸಿದ್ದು 1890ರಲ್ಲಿ. ಪ್ಯಾರಿಸ್ಸಿನಲ್ಲಿ ರೂ ಎಂಬ ವೈದ್ಯ ಅದನ್ನು ನೂರಾರು ಮಕ್ಕಳ ಮೇಲೆ ಬಳಸಿ ಫಲ ತೋರಿಸಿದ್ದು 1894ರಲ್ಲಿ. ಲೆಸಿ ಆರಿಸಿಕೊಂಡ ವರ್ಷಗಳು ಶುರುವಾಗುವುದೇ 1885ರಿಂದ. ಎಂದರೆ ಆ ಮಕ್ಕಳು ಸತ್ತದ್ದು ಕಾರಣ ಗೊತ್ತಾದ ಮೇಲೆ, ಮದ್ದು ಕೈಗೆ ಸಿಗುವ ಮುಂಚೆ. ಇನ್ನು ಕೆಲವರು ಮದ್ದು ಲೋಕದಲ್ಲಿದ್ದೂ ಹಳ್ಳಿಯ ದಾರಿ ಹಿಡಿಯದಿದ್ದ ಕಾಲದಲ್ಲಿ. ಶವಪೆಟ್ಟಿಗೆಯ ಮುಂದೆ ನಿಂತ ತಂದೆ ಅದನ್ನು ವಿಧಿ ಎಂದಿರಬಹುದು. ಆದರೆ ಅದರಲ್ಲಿ ವಿಧಿಯಷ್ಟೇ ದೂರದ ಪಾಲೂ ಇತ್ತು. ಪ್ರಯೋಗಶಾಲೆಯಿಂದ ಹಳ್ಳಿಯ ಹೊಸಿಲಿಗೆ ಇರುವ ದೂರ ಇಂದಿಗೂ ಎಷ್ಟೋ ಮಕ್ಕಳನ್ನು ಕೊಲ್ಲುತ್ತಿದೆ.

ಮೇಲಿಂದ 1893ರ ಆರ್ಥಿಕ ಕುಸಿತ. ಅಮೆರಿಕದಲ್ಲಿ ಐನೂರರಷ್ಟು ಬ್ಯಾಂಕುಗಳು ಮುಚ್ಚಿದವು. ಕಾಡು ಅಷ್ಟು ಹೊತ್ತಿಗೆ ಬರಿದಾಗುತ್ತ ಬಂದಿತ್ತು. ಕಾಡು ನಂಬಿದ ಕೂಲಿ ಅದರೊಂದಿಗೇ ಬತ್ತಿತು. ಮಕ್ಕಳನ್ನೋ ಹೊಲವನ್ನೋ ಕಳೆದುಕೊಂಡವರಲ್ಲಿ ಕೆಲವರ ಹೆಸರು ಮೆಂಡೋಟ ಆಸ್ಪತ್ರೆಯ ದಫ್ತರು ಸೇರಿತು. ದಫ್ತರು ಕೇಳಿದ್ದು ವಯಸ್ಸು, ಹುಟ್ಟಿದ ದೇಶ, ಮದುವೆ, ಬಡತನ, ಲಕ್ಷಣ. ಆ ಹೆಂಗಸು ಯಾವ ಹಾಡು ಹಾಡುತ್ತಿದ್ದಳು, ಯಾರ ಜೊತೆ ನಗುತ್ತಿದ್ದಳು ಎಂದು ಕೇಳುವ ಕಲಮು ಅದರಲ್ಲಿರಲಿಲ್ಲ.

ಪತ್ರಿಕೆಯ ತುಣುಕುಗಳದ್ದೂ ಅದೇ ದಾರಿ. ಒಬ್ಬ ರೈತ ಪ್ರಾಣ ಕಳೆದುಕೊಂಡ. ಕಾರಣ ಸಾಲ, ಅಥವಾ ಅನಾರೋಗ್ಯ, ಅಥವಾ ತಿಳಿದಿಲ್ಲ. ಮುಂದಿನ ಸುದ್ದಿ. ಇದನ್ನು ಓದುವಾಗ ನಮ್ಮ ಪತ್ರಿಕೆಗಳ ಒಳಪುಟಗಳಲ್ಲಿ ದಿನಾ ಕಾಣುವ ಒಂದು ನುಡಿಗಟ್ಟು ನನ್ನ ಕಿವಿಯಲ್ಲಿ ಬಡಿಯಿತು: 'ಜೀವನದಲ್ಲಿ ಜಿಗುಪ್ಸೆಗೊಂಡು'. ಬ್ಯಾಂಕಿನ ನೋಟಿಸು, ಒಣಗಿದ ಬೋರು, ಮಗಳ ಮದುವೆ, ಅವಮಾನದ ಒಂದು ಮಾತು, ನಿದ್ದೆ ಬಾರದ ತಿಂಗಳುಗಳು, ಎಲ್ಲವನ್ನೂ ಆ ಎರಡು ಪದ ನುಂಗಿ ಕೂರುತ್ತವೆ. ಕಷ್ಟದಲ್ಲಿದ್ದ ಮನುಷ್ಯನ ಪಕ್ಕ ಯಾರು ಕೂರಬಹುದಿತ್ತು ಎಂಬ ಪ್ರಶ್ನೆ ಅಲ್ಲಿಗೇ ಸಾಯುತ್ತದೆ. ಕಾರಣ ಬರೆದಾಯಿತಲ್ಲ, ಇನ್ನು ಯಾರೂ ಏನೂ ಕೇಳಬೇಕಾಗಿಲ್ಲ ಎಂಬ ನಿರಾಳ ಅದರಲ್ಲಿದೆ. ಆ ನಿರಾಳ ನಮ್ಮದು; ಸತ್ತವನ ಮನೆಯವರದ್ದಲ್ಲ.

ಲೆಸಿಯ ಪುಸ್ತಕಕ್ಕೆ ಸಲ್ಲಬೇಕಾದ ಗೌರವ ಸಲ್ಲಲಿ. ಹಳ್ಳಿಯೆಂದರೆ ಹಸಿರು, ನೆಮ್ಮದಿ, ಒಗ್ಗಟ್ಟು ಎಂಬ ಸಿಹಿ ಚಿತ್ರವನ್ನು ಅದು ಒಡೆಯಿತು. ಊರಿನ ಏಕಾಂತ ಹೇಗೆ ಮನಸ್ಸನ್ನು ಕೊರೆಯುತ್ತದೆಂದು ತೋರಿಸಿತು. ಹಳ್ಳಿಗರ ನೋವಿಗೂ ಇತಿಹಾಸದಲ್ಲಿ ಪುಟ ಇರಬೇಕು ಎಂಬ ಹಟ ಅದರಲ್ಲಿದೆ. ಆ ಹಟಕ್ಕೆ ನಾನು ತಲೆಬಾಗುತ್ತೇನೆ.

ಆದರೂ ಅಲ್ಲೊಂದು ಅನ್ಯಾಯ ಆಗಿದೆ. ಪತ್ರಿಕೆಯ ಆ ಸುದ್ದಿಗಳಲ್ಲಿ ಅನೇಕವು ಜಾಕ್ಸನ್ ಕೌಂಟಿಯವೇ ಅಲ್ಲ. ವಿಸ್ಕಾನ್ಸಿನ್‌ನ ಬೇರೆ ಬೇರೆ ಮೂಲೆಗಳಿಂದ ಬಂದವು. ಒಂದು ರಾಜ್ಯದ ಹದಿನೈದು ವರ್ಷಗಳ ದುಃಖವನ್ನು ಒಂದು ಊರಿನ ಮುಖಗಳ ಪಕ್ಕ ಇಟ್ಟರೆ, ಎಲ್ಲ ಮುಖಗಳೂ ಭೂತ ಹಿಡಿದಂತೆ ಕಾಣದಿದ್ದೀತೆ? ಲೆಸಿ ಕೆಲವು ಚಿತ್ರಗಳನ್ನು ಕತ್ತರಿಸಿದ, ಹಿಗ್ಗಿಸಿದ, ಕನ್ನಡಿಯಲ್ಲಿಟ್ಟಂತೆ ತಿರುಗಿಸಿ ಜೋಡಿಸಿದ. ಆ ಕಾಲದಲ್ಲಿ ಫೋಟೋ ತೆಗೆಸಿಕೊಳ್ಳುವುದು ಗಂಭೀರ ಸಂದರ್ಭ. ಜನ ಹಲ್ಲು ಬಿಟ್ಟು ನಗುತ್ತಿರಲಿಲ್ಲ. ಆ ಬಿಗುಮಾನವನ್ನೇ ನಾವು ಹತಾಶೆಯೆಂದು ಓದಿಬಿಡುತ್ತೇವೆ. ಅವರ ಹೆಸರು ಗೊತ್ತಿಲ್ಲದಿರುವುದರಿಂದ ಹಾಗೆ ಓದುವುದು ಸುಲಭ. ಹೆಸರಿಲ್ಲದ ಮುಖದ ಮೇಲೆ ಯಾವ ಕಥೆಯನ್ನಾದರೂ ಬರೆಯಬಹುದು. ಅಲ್ಲ ಎನ್ನಲು ಅದರ ಕಡೆಯವರು ಯಾರೂ ಇರುವುದಿಲ್ಲ.

ಪ್ರಕರಣದ ಎರಡನೆಯ ಭಾಗ ಶುರುವಾಗುವುದು ಇಲ್ಲಿ. ಅದೇ ವ್ಯಾನ್ ಸ್ಕೈಕನ ಅದೇ ಸ್ಟುಡಿಯೋಗೆ ಇನ್ನೊಂದು ಜನವೂ ಬರುತ್ತಿತ್ತು. ಅವರು ಹೋ-ಚಂಕ್ ಜನ. ಆ ಹೆಸರಿಗೆ ಹಿರಿದನಿಯ ಜನ ಎಂಬ ಅರ್ಥ ಹೇಳುತ್ತಾರೆ. ಕೌಂಟಿಯ ನೆಲ ಮೂಲತಃ ಅವರದೇ. 1829, 1832, 1837ರ ಒಪ್ಪಂದಗಳು ಅದನ್ನು ಅವರ ಕೈಯಿಂದ ಕಿತ್ತವು. ಅಯೋವ, ಮಿನ್ನೆಸೋಟ, ಸೌತ್ ಡಕೋಟ, ನೆಬ್ರಾಸ್ಕ ಎಂದು ಸರ್ಕಾರ ಅವರನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಅಟ್ಟಿತು. ಅಟ್ಟಿದಷ್ಟು ಸಲವೂ ಅವರಲ್ಲಿ ಹಲವರು ನಡೆದು ಹಿಂತಿರುಗಿದರು. ಕೊನೆಯ ದೊಡ್ಡ ಗಡೀಪಾರು 1873-74ರ ಚಳಿಗಾಲದ್ದು. ಹಿಮದಲ್ಲಿ ಸೈನಿಕರು ಅವರನ್ನು ಹಿಡಿದು ನೆಬ್ರಾಸ್ಕಕ್ಕೆ ಸಾಗಿಸಿದರು. ಅನೇಕರು ಸತ್ತರು. ಉಳಿದವರಲ್ಲಿ ಬಹಳಷ್ಟು ಮಂದಿ ಸ್ವಲ್ಪ ಕಾಲದಲ್ಲೇ ಮತ್ತೆ ಬ್ಲ್ಯಾಕ್ ರಿವರ್ ದಡಕ್ಕೆ ಬಂದರು.

ಸಾವಿನ ಲೆಕ್ಕವನ್ನೇ ಹಾಕುವುದಾದರೆ ಅವರ ಲೆಕ್ಕ ಯಾರಿಗೂ ಕಡಿಮೆಯದಲ್ಲ. ಆದರೆ ಅವರು ಕ್ಯಾಮೆರಾ ಮುಂದೆ ಬಂದದ್ದು ಆ ಲೆಕ್ಕ ಒಪ್ಪಿಸಲು ಅಲ್ಲ. ಗಡೀಪಾರಾಗಿ ಹತ್ತು ವರ್ಷ ಕಳೆಯುವುದರೊಳಗೆ, ರಿಬ್ಬನ್ ಕಸೂತಿಯ ಬಟ್ಟೆ ಉಟ್ಟು, ಮಣಿಸರ, ಬೆಳ್ಳಿ ಒಡವೆ ಹಾಕಿಕೊಂಡು, ಮೊಮ್ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಅವರು ಆ ಸ್ಟುಡಿಯೋದಲ್ಲಿ ನೆಟ್ಟಗೆ ಕುಳಿತರು. ನಾವು ಇಲ್ಲೇ ಇದ್ದೇವೆ, ಇವರು ನಮ್ಮವರು ಎಂದು ಆ ಚಿತ್ರಗಳು ಸಾರುತ್ತವೆ.

ಆ ಫಲಕಗಳಲ್ಲೂ ಎಷ್ಟೋ ಮುಖಗಳಿಗೆ ಹೆಸರಿರಲಿಲ್ಲ. ಹೋ-ಚಂಕ್ ಸಮುದಾಯದ ವಂಶಾವಳಿ ಬಲ್ಲ ಜಾರ್ಜ್ ಗ್ರೀನ್‌ಡಿಯರ್, ಛಾಯಾಗ್ರಾಹಕ ಟಾಮ್ ಜೋನ್ಸ್, ಇತಿಹಾಸಕಾರ್ತಿ ಏಮಿ ಲೋನ್‌ಟ್ರೀ ಮತ್ತು ಅವರ ಸಂಗಡಿಗರು ಆ ಚಿತ್ರಗಳನ್ನು ಕೈಗೆತ್ತಿಕೊಂಡರು. ಮುಖದ ಪಕ್ಕ ಮುಖ ಇಟ್ಟು ಹೋಲಿಸಿ, ಮನೆತನಗಳ ನೆನಪನ್ನು ಕೆದಕಿ, ಇವಳು ಯಾರ ಮಗಳು, ಇವನು ಯಾರ ತಮ್ಮ ಎಂದು ಒಂದೊಂದಾಗಿ ಕೂಡಿಸಿದರು. ಮುನ್ನೂರಕ್ಕೂ ಹೆಚ್ಚು ಚಿತ್ರಗಳ ಆ ಪುಸ್ತಕ, 'ಪೀಪಲ್ ಆಫ್ ದಿ ಬಿಗ್ ವಾಯ್ಸ್', 2011ರಲ್ಲಿ ಹೊರಬಂತು. ಅದೇ ಫೋಟೋಗ್ರಾಫರ್, ಅದೇ ಊರು. ಆದರೆ ಈ ಪುಸ್ತಕ ಮುಚ್ಚುವಾಗ ಮೈ ನಡುಗುವುದಿಲ್ಲ. ಒಂದು ಮನೆಯ ಜಗಲಿಯಿಂದ ಎದ್ದು ಬಂದಂತೆ ಅನಿಸುತ್ತದೆ.

ಹೋ-ಚಂಕ್ ಜನರಲ್ಲಿ ಹುಟ್ಟಿದ ಮಗುವಿಗೆ ಸರದಿಯ ಹೆಸರೊಂದು ತಾನಾಗಿಯೇ ಬರುತ್ತದೆ. ಮೊದಲ ಗಂಡುಮಗು ಕೂನು, ಮೊದಲ ಹೆಣ್ಣುಮಗು ಹೀನು. ಎರಡನೆಯದಕ್ಕೆ, ಮೂರನೆಯದಕ್ಕೆ ಬೇರೆ ಬೇರೆ. ಎಂದರೆ ಆ ಮಗುವನ್ನು ಕರೆದ ಕೂಡಲೇ ಅದರ ಬೆನ್ನಿಗೆ ಒಂದು ಮನೆ, ಅಪ್ಪ ಅಮ್ಮ, ಹಿಂದೆ ಮುಂದೆ ಹುಟ್ಟಿದವರು ಬಂದು ನಿಲ್ಲುತ್ತಾರೆ. ಒಂಟಿ ಮನುಷ್ಯ ಎಂಬ ಕಲ್ಪನೆಗೆ ಆ ಹೆಸರಿನಲ್ಲಿ ಎಡೆಯೇ ಇಲ್ಲ.

ನಮ್ಮ ಹಳ್ಳಿಗಳಲ್ಲಿ ಅಪರಿಚಿತನೊಬ್ಬ ಕಟ್ಟೆಯ ಬಳಿ ನಿಂತರೆ ಹಿರಿಯರು ಕೇಳುವ ಪ್ರಶ್ನೆ ಒಂದಿದೆ: 'ನೀನು ಯಾರ ಪೈಕಿ?' ಈ ಪ್ರಶ್ನೆಗೆ ಒಂದು ಕೆಟ್ಟ ಬಳಕೆ ಇದೆ ಎಂದು ನಾನು ಬಲ್ಲೆ. ಜಾತಿ ತಿಳಿಯಲು, ದೂರ ಇಡಲು ಅದನ್ನು ಬಳಸಿದ್ದೇವೆ. ಆ ಕೊಳೆಯನ್ನು ತೊಳೆದು ನೋಡಿದರೆ ಅದರೊಳಗೆ ಒಂದು ಧರ್ಮ ಉಳಿದಿದೆ. ಮನುಷ್ಯನನ್ನು ಅವನ ದುರಂತದಿಂದ ಗುರುತಿಸಬೇಡ, ಅವನನ್ನು ತನ್ನವನು ಎಂದವರಿಂದ ಗುರುತಿಸು ಎನ್ನುತ್ತದೆ ಅದು. ಸತ್ತವರ ವಿಷಯದಲ್ಲಿ ನಾವು ಕೇಳುವುದು 'ಹೇಗೆ ಸತ್ತ?' ಎಂದು. ಅದಕ್ಕೆ ಎರಡು ಸಾಲಿನ ಉತ್ತರ ಸಾಕು. 'ಯಾರ ಪೈಕಿ?' ಎಂದು ಕೇಳಿದರೆ ಉತ್ತರಿಸಲು ಒಂದು ಊರೇ ಕೂಡಬೇಕು. ಈ ಪ್ರಶ್ನೆಯನ್ನು ಬದುಕಿದ್ದಾಗಲೇ ಕೇಳಿದ್ದರೆ, ಸಾಲದಲ್ಲೋ ಶೋಕದಲ್ಲೋ ಮುಳುಗುತ್ತಿದ್ದವನ ಮನೆಗೆ ಒಂದು ಸಂಜೆ ಯಾರಾದರೂ ಹೋಗಿ ಕೂರುತ್ತಿದ್ದರು. ಆ ಹಿಮದಲ್ಲಿ ದೂರದೂರ ಚೆಲ್ಲಿಹೋದ ಮನೆಗಳಿಗೆ ಎಲ್ಲಕ್ಕಿಂತ ಹೆಚ್ಚಾಗಿ ಬೇಕಾಗಿದ್ದದ್ದು ಅದೇ.

ಈಗ ಆ ಹಸುಗೂಸಿನ ಚಿತ್ರಕ್ಕೆ ಹಿಂತಿರುಗುತ್ತೇನೆ. ಹೆಸರಿಲ್ಲ ಎಂದೆ. ಆದರೆ ಚಿತ್ರ ಬಾಯಿ ಮುಚ್ಚಿಕೊಂಡಿಲ್ಲ. ಆ ಕಾಲದಲ್ಲಿ ಎಷ್ಟೋ ಮಕ್ಕಳಿಗೆ ತೆಗೆಸಿದ ಮೊದಲ ಫೋಟೋ ಅದೇ, ಕೊನೆಯದೂ ಅದೇ. ಮಗು ಬದುಕಿದ್ದಾಗ ಸ್ಟುಡಿಯೋಗೆ ಕರೆತರಲು ಬಿಡುವಾಗಲೀ ದುಡ್ಡಾಗಲೀ ಇರಲಿಲ್ಲ. ಬರುವ ವರ್ಷ ನೋಡೋಣ ಎಂದುಕೊಂಡಿದ್ದರು. ಬರುವ ವರ್ಷ ಬರಲಿಲ್ಲ. ಆಗ ಆ ಬಡವರು ಫೋಟೋಗ್ರಾಫರನಿಗೆ ದುಡ್ಡು ಹೊಂದಿಸಿದರು. ಬಿಳಿ ಅಂಗಿಯನ್ನು ಒಗೆದು, ಮಡಿಕೆ ಬಿಡಿಸಿ ತೊಡಿಸಿದರು. ಹೂವು ತಂದು ಪಕ್ಕದಲ್ಲಿಟ್ಟರು. ಯಾವ ಓದುಗನನ್ನೂ ಬೆಚ್ಚಿಬೀಳಿಸಲು ಅವರು ಇದನ್ನು ಮಾಡಲಿಲ್ಲ. ಮುಖ ಮರೆತುಹೋದೀತು ಎಂಬ ಭಯಕ್ಕೆ ಮಾಡಿದರು.

ಈಗ ಆ ಪುಟವನ್ನು ನಾನು ಮುಚ್ಚುವುದಿಲ್ಲ. ಯಾರ ಪೈಕಿ ಈ ಮಗು ಎಂದು ಕೇಳುತ್ತೇನೆ, ಮತ್ತು ಅಂಗಿಯ ಅಂಚನ್ನು ಅಷ್ಟು ಒಪ್ಪವಾಗಿ ಎಳೆದಿಟ್ಟ, ಚೌಕಟ್ಟಿನ ಆಚೆ ಉಳಿದುಹೋದ ಕೈಗಳ ಕಡೆ ನೋಡುತ್ತೇನೆ.