ಕೇರಿಯ ಓಟು ಯಾರ ಸೊತ್ತು?



ರಾಜ್ಯದ ವಿಧಾನಸಭೆಗೆ ಪ್ರತಿನಿಧಿಗಳನ್ನು ಆರಿಸುವ ಕಾಲವು ಬಂದಾಗ ಬೆಳಗಾವಿ ಪಟ್ಟಣದ ಓಣಿಗಳಲ್ಲಿಯೂ ಖಾನಾಪುರ ತಾಲೂಕಿನ ಅಡವಿಯ ಹಳ್ಳಿಗಳಲ್ಲಿಯೂ ಒಂದು ಸಂಗತಿಯನ್ನು ನಾವೆಲ್ಲರೂ ನೋಡುತ್ತೇವೆ. ಉಳಿದ ದಿನಗಳಲ್ಲಿ ದಲಿತರ ಕೇರಿಯ ದಾರಿಯನ್ನೇ ಅರಿಯದವರು ಆಗ ಕೈಮುಗಿದುಕೊಂಡು ಅಲ್ಲಿಗೆ ಬರುತ್ತಾರೆ; ಗಂಡಸರನ್ನು ಅಣ್ಣನೆಂದೂ ಮುದುಕಿಯರನ್ನು ತಾಯಿಯೆಂದೂ ಕರೆಯುತ್ತಾರೆ. 2023ನೆಯ ಇಸವಿಯ ಮೇ 10ರ ಚುನಾವಣೆಯು ಕಳೆದುಹೋಯಿತು; ಮುಂದಿನದೂ ಬರುವದು. ನಮ್ಮ ಸಭೆಗಳವರಲ್ಲಿ ಅನೇಕರು ಅದೇ ಕೇರಿಗಳಲ್ಲಿ ಹುಟ್ಟಿ ಅಲ್ಲಿಯೇ ವಾಸಿಸುವವರಾಗಿರಲಾಗಿ, ಗದ್ದಲವಿಲ್ಲದ ಈ ದಿನಗಳಲ್ಲಿಯೇ ಒಂದು ಪ್ರಶ್ನೆಯನ್ನು ವಿಚಾರಿಸುವದು ಒಳ್ಳೇದು. ದಲಿತರ ಓಟನ್ನು ಬೇಡುವದು ಯಾವಾಗ ನ್ಯಾಯ, ಯಾವಾಗ ಅನ್ಯಾಯ? ಓಟುಳ್ಳವನು ಅದನ್ನು ಯಾವ ಮನಸ್ಸಿನಿಂದ ಕೊಡತಕ್ಕದ್ದು?

ಮೊದಲು ಆ ಓಟಿಗೆ ಇಷ್ಟು ಬೆಲೆ ಯಾಕೆ ಬಂತೆಂಬದನ್ನು ತಿಳಿಯಬೇಕು. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಗಳವರು ಒಂದು ಕೋಟಿಗಿಂತ ಹೆಚ್ಚಾಗಿದ್ದರು. ಅಂದರೆ ನೂರು ಜನರಲ್ಲಿ ಹದಿನೇಳು ಜನ. 2008ರಿಂದ 2023ರ ವರೆಗಿನ ಚುನಾವಣೆಗಳಲ್ಲಿ 224 ಸ್ಥಾನಗಳೊಳಗೆ 36 ಅವರಿಗಾಗಿ ಮೀಸಲಾಗಿದ್ದವು. ನಮ್ಮ ಜಿಲ್ಲೆಯಲ್ಲಿ ರಾಯಬಾಗ, ಕುಡಚಿ ಅಂಥವು. ಖಾನಾಪುರವೂ ಬೆಳಗಾವಿಯ ಉತ್ತರ, ದಕ್ಷಿಣ, ಗ್ರಾಮೀಣ ಕ್ಷೇತ್ರಗಳೂ ಮೀಸಲಾದವುಗಳಲ್ಲ. ಆದರೆ ದೊಡ್ಡ ಸಮುದಾಯಗಳು ತಮ್ಮತಮ್ಮೊಳಗೆ ಹಂಚಿಹೋಗಿ, ಕೆಲವರು ಕನ್ನಡದ ಕಡೆಗೂ ಕೆಲವರು ಮರಾಠಿಯ ಕಡೆಗೂ ನಿಂತಾಗ, ತಕ್ಕಡಿಯನ್ನು ಇತ್ತ ಇಲ್ಲವೆ ಅತ್ತ ಬಾಗಿಸುವದು ಚಿಕ್ಕ ಕೇರಿಯ ಓಟೇ. ಆದಕಾರಣವೇ ಕೈಮುಗಿಯುವವರು ಬರುತ್ತಾರೆ.

ಈ ಓಟು ಸುಲಭವಾಗಿ ದೊರೆತದ್ದಲ್ಲ. 1932ರ ಆಗಸ್ಟ್ ತಿಂಗಳಲ್ಲಿ ಬ್ರಿಟಿಷ್ ಸರಕಾರವು ಅಸ್ಪೃಶ್ಯರಿಗೆ ಪ್ರತ್ಯೇಕ ಮತದಾನದ 71 ಸ್ಥಾನಗಳನ್ನು ಕೊಟ್ಟಿತು. ಗಾಂಧಿಯವರು ಅದನ್ನು ವಿರೋಧಿಸಿ ಯೆರವಡೆಯ ಸೆರೆಮನೆಯಲ್ಲಿ ಉಪವಾಸ ಕುಳಿತರು. ಸೆಪ್ಟೆಂಬರ 24ರಂದು ಪುಣೆಯಲ್ಲಿ ಒಡಂಬಡಿಕೆಯಾಗಿ, ಪ್ರತ್ಯೇಕ ಮತದಾನದ ಬದಲಾಗಿ 148 ಮೀಸಲು ಸ್ಥಾನಗಳು ಗೊತ್ತಾದವು. ಡಾಕ್ಟರ್ ಅಂಬೇಡಕರರು 1936ರಲ್ಲಿ ಕಟ್ಟಿದ ಸ್ವತಂತ್ರ ಮಜೂರ ಪಕ್ಷದಿಂದ 1937ರಲ್ಲಿ ನಮ್ಮ ನಿಪ್ಪಾಣಿಯ ಬಲವಂತ ಹಣಮಂತ ವರಾಳೆಯವರು ಮುಂಬಯಿ ಶಾಸನಸಭೆಗೆ ಆರಿಸಿಬಂದರು. ಆಗ ಆಸ್ತಿ, ತೆರಿಗೆ, ವಿದ್ಯೆ ಮುಂತಾದವುಗಳಿದ್ದವರಿಗೆ ಮಾತ್ರ ಓಟು. ಹೊಲದಲ್ಲಿ ಕೂಲಿ ಮಾಡುವ ಹೆಂಗಸಿಗೆ ಇರಲಿಲ್ಲ. 1951–52ರ ಚುನಾವಣೆಯಲ್ಲಿ ಮೊದಲ ಸಾರಿ ಪ್ರಾಯಕ್ಕೆ ಬಂದ ಪ್ರತಿಯೊಬ್ಬರಿಗೂ ಅದು ಬಂತು. ಗೌಡನ ಓಟು ಒಂದು, ಅವನ ಕೊಟ್ಟಿಗೆಯನ್ನು ಬಳಿಯುವವಳ ಓಟೂ ಒಂದು. ಊರಿನಲ್ಲಿ ಇನ್ನೆಲ್ಲಿಯೂ ಇಲ್ಲದ ಸಮಾನತೆಯು ಆ ಒಂದು ದಿನ ಆ ಒಂದು ಕೋಣೆಯೊಳಗೆ ಇರುತ್ತದೆ. ರಾಜಕೀಯದಲ್ಲಿ ಸಮಾನರಾಗಿ ಬದುಕಿನಲ್ಲಿ ಅಸಮಾನರಾಗಿರುವ ಈ ವಿರೋಧವು ಬಹುಕಾಲ ಉಳಿದರೆ ಅಪಾಯವೆಂದು ಅಂಬೇಡಕರರು 1949ರ ನವೆಂಬರ 25ರಂದು ರಾಜ್ಯಾಂಗಸಭೆಯಲ್ಲಿ ಎಚ್ಚರಿಸಿದ್ದರು.

ಹಾಗಾದರೆ ಓಟು ಬೇಡುವದೇ ತಪ್ಪೋ? ಅಲ್ಲ. ಬೇಡುವವನು ಕೇರಿಗೆ ಬರದೆ ಹೋದರೆ ಕೇರಿಯವರನ್ನು ಮನುಷ್ಯರೆಂದು ಎಣಿಸಲಿಲ್ಲವೆಂದು ಅರ್ಥ. ಬೇಡುವ ರೀತಿಯಲ್ಲಿ ಭೇದವಿದೆ. ಸತ್ಯವೇದವು ಇದನ್ನು ಬಹಳ ಹಿಂದೆಯೇ ತೋರಿಸಿಕೊಟ್ಟಿದೆ.

ಮೊದಲನೆಯದು, ರಕ್ತದ ಮಾತು. ಅಬೀಮೆಲೆಕನು ಶೆಕೆಮಿನವರ ಬಳಿಗೆ ಹೋಗಿ, ತಾನು ಅವರ ಎಲುಬೂ ಮಾಂಸವೂ ಆಗಿದ್ದೇನೆಂದು ತಾಯಿಯ ಕಡೆಯವರ ಮೂಲಕ ಹೇಳಿಸಿದನು. ಅವರು ಒಲಿದು ದೇವಸ್ಥಾನದ ಬೆಳ್ಳಿಯನ್ನು ಕೊಟ್ಟರು. ಅವನು ಅದರಿಂದ ಪುಂಡರನ್ನು ಕೂಡಿಸಿ ತನ್ನ ಸಹೋದರರನ್ನು ಕೊಂದನು. ಮೂರು ವರುಷಗಳಾದ ಮೇಲೆ ಅದೇ ಶೆಕೆಮು ಅವನ ಕೈಯಿಂದಲೇ ಹಾಳಾಯಿತು. ನಮ್ಮವನೆಂಬ ಒಂದೇ ಕಾರಣದಿಂದ, ಜಾತಿಯನ್ನಾಗಲಿ ಭಾಷೆಯನ್ನಾಗಲಿ ನೋಡಿ ಆರಿಸಿದವರು ಈ ಕಥೆಯನ್ನು ಓದಬೇಕು. ಮಲಪ್ರಭೆಯು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುತ್ತದೆ. ನೀರೆಂದರೂ ಪಾಣಿಯೆಂದರೂ ಬಾಯಾರಿದವನಿಗೆ ಬೇಕಾದದ್ದು ಒಂದೇ. ಅಭ್ಯರ್ಥಿಯ ಅಥವಾ ಮತದಾರನ ಜಾತಿ, ಧರ್ಮ, ಭಾಷೆಗಳ ಹೆಸರಿನಲ್ಲಿ ಓಟು ಕೇಳುವದು ಭ್ರಷ್ಟ ಆಚಾರವೆಂದು ಸರ್ವೋಚ್ಚ ನ್ಯಾಯಾಲಯವೂ 2017ರ ಜನವರಿಯಲ್ಲಿ ತೀರ್ಪು ಕೊಟ್ಟಿದೆ.

ಎರಡನೆಯದು, ಮುದ್ದಿನ ಮಾತು. ಅಬ್ಷಾಲೋಮನು ಊರಬಾಗಲಲ್ಲಿ ನಿಂತು ವ್ಯಾಜ್ಯಕ್ಕೆ ಬಂದವರನ್ನೆಲ್ಲಾ ಹಿಡಿದು ಮುದ್ದಿಟ್ಟು, ತಾನು ನ್ಯಾಯಾಧಿಪತಿಯಾಗಿದ್ದರೆ ಎಲ್ಲರಿಗೂ ನ್ಯಾಯ ತೀರಿಸುತ್ತಿದ್ದೆನೆಂದು ಹೇಳಿ ಅವರ ಹೃದಯಗಳನ್ನು ಕದ್ದುಕೊಂಡನು. ಈಗಿನ ಕಾಲದಲ್ಲಿ ದಲಿತರ ಮನೆಯಲ್ಲಿ ಊಟಕ್ಕೆ ಕುಳಿತು ಚಿತ್ರ ತೆಗೆಯಿಸಿಕೊಳ್ಳುವವರುಂಟು. ಜೊತೆಯಲ್ಲಿ ಉಣ್ಣುವದು ಒಳ್ಳೇದೇ. ನಮ್ಮ ಕರ್ತನೂ ತಿರಸ್ಕೃತರ ಸಂಗಡ ಊಟಮಾಡಿದನು. ಆದರೆ ಆತನು ಊಟವಾದ ಮೇಲೆ ಅವರನ್ನು ಬಿಟ್ಟುಹೋಗಲಿಲ್ಲ. ಅವರ ನಿಮಿತ್ತ ನಿಂದೆಯನ್ನು ಹೊತ್ತನು. ಕೇರಿಯಲ್ಲಿ ಉಂಡವನು ತನ್ನ ಊರಿನ ಬಾವಿಯನ್ನೂ ಹೋಟೆಲಿನ ಲೋಟವನ್ನೂ ಕೇರಿಯವನಿಗೆ ತೆರೆಸುವನೋ ಎಂಬದೇ ಪರೀಕ್ಷೆ.

ಮೂರನೆಯದು, ಬಟ್ಟಲಿನ ಮಾತು. ಏಸಾವನು ಹಸಿದು ದಣಿದು ಬಂದಾಗ ಯಾಕೋಬನು ಅಲಸಂದಿಯ ಗುಗ್ಗರಿಯನ್ನು ತೋರಿಸಿ ಚೊಚ್ಚಲತನವನ್ನು ಕೊಂಡನು. ಚುನಾವಣೆಯ ಹಿಂದಿನ ರಾತ್ರಿ ಹಂಚುವ ನೋಟು, ಸೀರೆ, ಕುಕ್ಕರು, ಸೆರೆ ಇವೆಲ್ಲಾ ಅದೇ ಬಟ್ಟಲು.

ಇಲ್ಲಿ ಒಬ್ಬನು ಹೀಗೆ ಕೇಳಬಹುದು: ಸರಕಾರದ ವಾಗ್ದಾನಗಳೂ ಬಟ್ಟಲೇ ಅಲ್ಲವೇ? ಭೂಮಿ ಕೊಡುತ್ತೇವೆ, ಮೀಸಲಾತಿ ಹೆಚ್ಚಿಸುತ್ತೇವೆ ಎಂಬದಕ್ಕೂ ಐನೂರು ರೂಪಾಯಿಗೂ ಏನು ಭೇದ? ಇದು ಒಳ್ಳೆಯ ಪ್ರಶ್ನೆ. ಭೇದವನ್ನು ನಾಲ್ಕು ಗುರುತುಗಳಿಂದ ಕಾಣಬಹುದು. ವಾಗ್ದಾನವನ್ನು ಹಗಲಿನಲ್ಲಿ ಎಲ್ಲರ ಮುಂದೆ ಹೇಳುತ್ತಾರೆ, ಲಂಚವನ್ನು ಕತ್ತಲೆಯಲ್ಲಿ ಕೊಡುತ್ತಾರೆ. ವಾಗ್ದಾನದ ಫಲವು ಅದೇ ಕೊರತೆಯುಳ್ಳ ಎಲ್ಲರಿಗೂ, ವಿರೋಧವಾಗಿ ಓಟು ಹಾಕಿದವನಿಗೂ ಸಲ್ಲುತ್ತದೆ. ಲಂಚವು ಕೈಯೊಡ್ಡಿದವನಿಗೆ ಮಾತ್ರ. ವಾಗ್ದಾನವು ಕಾನೂನಿನ ಮೂಲಕ ಸಾರ್ವಜನಿಕ ಲೆಕ್ಕದಲ್ಲಿ ನಡೆಯುತ್ತದೆ; ಲಂಚಕ್ಕೆ ಲೆಕ್ಕವಿಲ್ಲ. ವಾಗ್ದಾನದ ವಿಷಯವಾಗಿ ಮರುದಿನದಿಂದ ನಾವು ಅವನನ್ನು ಕೇಳಬಹುದು; ಲಂಚವಾದರೆ ಆ ರಾತ್ರಿಯೇ ಬಾಯಿ ಮುಚ್ಚಿಹೋಗುತ್ತದೆ.

1970ರ ದಶಕದಲ್ಲಿ ದೇವರಾಜ ಅರಸರ ಸರಕಾರವು ಗೇಣಿದಾರರಿಗೆ ಭೂಮಿಯನ್ನು ಕೊಡಿಸಿತು. ಅದರ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಇಂಥದರಿಂದ ದಲಿತರ ಮನಸ್ಸನ್ನು ಗೆದ್ದರೆ ಅದು ಕೊಳ್ಳುವದಲ್ಲ, ಗಳಿಸುವದು. ಹಾಗೆಯೇ 2013ರ ಕಾಯಿದೆಯು ಪರಿಶಿಷ್ಟರ ಸಂಖ್ಯೆಗೆ ತಕ್ಕಷ್ಟು ಹಣವನ್ನು ಆಯವ್ಯಯದಲ್ಲಿ ಅವರಿಗಾಗಿ ತೆಗೆದಿಡಬೇಕೆಂದು ಗೊತ್ತುಮಾಡಿತು. ಒಳಮೀಸಲಾತಿಯ ವಿಷಯವಾಗಿ 2023ರ ಮಾರ್ಚಿನಲ್ಲಿ, ಚುನಾವಣೆಯ ಹೊಸ್ತಿಲಲ್ಲಿ, ಒಂದು ಸರಕಾರವು ಒಂದು ತೀರ್ಮಾನ ಮಾಡಿತು. 2025ರ ಆಗಸ್ಟಿನಲ್ಲಿ ಇನ್ನೊಂದು ಪಕ್ಷದ ಸರಕಾರವು ನೂರಕ್ಕೆ 17ನ್ನು 6, 6, 5 ಎಂದು ಹಂಚಲು ತೀರ್ಮಾನಿಸಿತು. ಇವುಗಳಲ್ಲಿ ಯಾವದು ಸರಿಯೆಂದು ಈ ಪತ್ರಿಕೆಯು ಹೇಳತಕ್ಕದ್ದಲ್ಲ. ಆದರೆ ತೆಗೆದಿಟ್ಟ ಹಣವು ಎಲ್ಲಿ ಹೋಯಿತು, ಹಂಚಿದ ಪಾಲು ಯಾರಿಗೆ ಮುಟ್ಟಿತು ಎಂದು ಕೇಳುವ ಹಕ್ಕು ಓಟನ್ನು ಮಾರದವನಿಗೆ ಮಾತ್ರ ಪೂರ್ಣವಾಗಿ ಉಳಿದಿರುತ್ತದೆ.

ಬಡವನು ಇನ್ನೊಂದು ಮಾತು ಹೇಳುತ್ತಾನೆ: ಐದು ವರುಷ ನಮ್ಮದನ್ನು ತಿಂದವರಿಂದ ಐನೂರು ರೂಪಾಯಿ ತಿರುಗಿ ತೆಗೆದುಕೊಂಡರೆ ಪಾಪವೇನು? ಎಲ್ಲರಿಂದಲೂ ತೆಗೆದುಕೊಂಡು ನನಗೆ ಬೇಕಾದವನಿಗೆ ಹಾಕುತ್ತೇನೆ. ಈ ಮಾತನ್ನು ಸುಮ್ಮನೆ ಗದರಿಸಿ ಬಿಡಬಾರದು. ಮನೆಯಲ್ಲಿ ಜೋಳವಿಲ್ಲದ ವಿಧವೆಯು ಕೈಯೊಡ್ಡಿದರೆ, ಅವಳ ಹಸಿವನ್ನು ಸಮಯಸಾಧನ ಮಾಡಿಕೊಂಡವನ ಪಾಪವೇ ಹೆಚ್ಚಿನದು. ಕಥೆಯಲ್ಲಿ ಯಾಕೋಬನೂ ಒಳ್ಳೆಯವನಾಗಿ ಕಾಣುವದಿಲ್ಲ. ಆದರೂ ಲೆಕ್ಕ ಮಾಡಿ ನೋಡಿರಿ. ಐದು ವರುಷಕ್ಕೆ ಐನೂರು ರೂಪಾಯಿ ಎಂದರೆ ದಿನಕ್ಕೆ ಇಪ್ಪತ್ತೆಂಟು ಪೈಸೆಯೂ ಆಗುವದಿಲ್ಲ. ಕೊಟ್ಟವನು ಅದನ್ನು ಸಾಲ ತೀರಿಸಿದ್ದೆಂದು ಎಣಿಸುವದಿಲ್ಲ, ಕ್ರಯಕ್ಕೆ ಕೊಂಡದ್ದೆಂದು ಎಣಿಸುತ್ತಾನೆ. ಮುಂದೆ ನಳಕ್ಕಾಗಿ, ರಸ್ತೆಗಾಗಿ, ಸ್ಮಶಾನಕ್ಕಾಗಿ ಹೋದರೆ ನಿಮಗೆ ಕೊಡಬೇಕಾದದ್ದನ್ನು ಕೊಟ್ಟಾಯಿತೆಂಬ ಉತ್ತರವೇ ಸಿಕ್ಕುವದು. ಕಾನೂನಿನಲ್ಲಿಯೂ ಲಂಚ ಕೊಟ್ಟವನಂತೆ ತೆಗೆದುಕೊಂಡವನೂ ಅಪರಾಧಿ. ಎಲ್ಲರಿಂದ ತೆಗೆದುಕೊಂಡು ಎಲ್ಲರನ್ನು ಮೋಸಗೊಳಿಸುವದಾದರೆ, ನಾಲಿಗೆಯನ್ನು ಸುಳ್ಳಿಗೆ ಪಳಗಿಸಿದ ಹಾಗಾಯಿತು.

ಕೆಲವು ಕಡೆ ಭಂಡಾರ ಮುಟ್ಟಿಸಿ, ನಮ್ಮವರಿಗಾದರೆ ಬೈಬಲನ್ನೇ ಮುಟ್ಟಿಸಿ ಆಣೆ ಮಾಡಿಸುತ್ತಾರೆ. ಅಂಥ ಆಣೆಯು ಕಟ್ಟುವದೋ? ಹೆರೋದನು ಔತಣದಲ್ಲಿ ಮಾಡಿದ ಆಣೆಯ ನಿಮಿತ್ತ ಯೋಹಾನನ ತಲೆಯನ್ನು ಹೊಯ್ಸಿದನು. ಆಣೆ ಮಾಡಿದ್ದು ಒಂದು ತಪ್ಪು. ಕೆಟ್ಟದ್ದಕ್ಕಾಗಿ ಅದನ್ನು ನಡಿಸಿದ್ದು ಅದಕ್ಕಿಂತ ದೊಡ್ಡ ತಪ್ಪು. ಆದಕಾರಣ ಮೊದಲೇ ಆಣೆಯಿಡಬೇಡಿರಿ. ಭಯದಿಂದ ಇಟ್ಟವರಿದ್ದರೆ ದೇವರ ಮುಂದೆ ಅದಕ್ಕಾಗಿ ಪಶ್ಚಾತ್ತಾಪಪಟ್ಟು ಮನಸ್ಸಾಕ್ಷಿಯಂತೆ ಓಟು ಹಾಕಿರಿ.

ಈಗ ಎಲ್ಲದಕ್ಕಿಂತ ನಮಗೆ ಹತ್ತಿರವಾದ ಸಂಗತಿ. ಬೇಡುವವನು ಅನೇಕ ಸಾರಿ ಮನೆಮನೆಗೆ ಹೋಗುವದಿಲ್ಲ. ಕೇರಿಯ ಯಜಮಾನನನ್ನೋ ಸಭೆಯ ಹಿರಿಯನನ್ನೋ ಉಪದೇಶಿಯನ್ನೋ ಕಂಡು, ನಿಮ್ಮ ಕಡೆ ಎಷ್ಟು ಓಟುಗಳಿವೆ ಎಂದು ಕೇಳುತ್ತಾನೆ. ಅವನು ನೂರಿಪ್ಪತ್ತು ಎಂದು ಹೇಳಿದ ಕೂಡಲೇ ಪಾಪವು ಆರಂಭವಾಯಿತು. ಯಾಕಂದರೆ ಅವು ಅವನವಲ್ಲ. ನಮ್ಮ ಭಾಷೆಯಲ್ಲಿ ಮತವೆಂಬ ಒಂದೇ ಮಾತು ಓಟಿಗೂ ಅಭಿಪ್ರಾಯಕ್ಕೂ ಧರ್ಮಕ್ಕೂ ಸಲ್ಲುತ್ತದೆ. ಒಬ್ಬನ ವಿಶ್ವಾಸದಿಂದ ಇನ್ನೊಬ್ಬನು ರಕ್ಷಣೆ ಹೊಂದಲಾರನು, ಪ್ರತಿಯೊಬ್ಬನು ತಾನೇ ದೇವರಿಗೆ ಉತ್ತರ ಕೊಡಬೇಕು ಎಂದಲ್ಲವೇ 1820ರಲ್ಲಿ ಜೋಸೆಫ್ ಟೇಲರರು ಬೆಳಗಾವಿಗೆ ಬಂದಂದಿನಿಂದ ನಮ್ಮ ಸಭೆಗಳು ಕಲಿಸುತ್ತಾ ಬಂದದ್ದು? ಒಂದು ಮತದಲ್ಲಿ ಸತ್ಯವಾದದ್ದು ಇನ್ನೊಂದು ಮತದಲ್ಲಿ ಸುಳ್ಳಾಗುವದೋ? ಹಿರಿಯನು ವಿಚಾರ ಹೇಳಬಹುದು, ಪ್ರಶ್ನೆ ಕಲಿಸಬಹುದು, ಗಂಟುಕಟ್ಟಿ ಒಪ್ಪಿಸಬಾರದು. ಗಂಡನು ಹೆಂಡತಿಯ ಓಟಿಗೂ ಯಜಮಾನನಲ್ಲ. ಇಂಥವನಿಗೆ ಓಟು ಹಾಕದಿದ್ದರೆ ದೇವರ ಕೋಪ ಬರುವದೆಂದು ನಂಬಿಸುವದನ್ನು 1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯು ಭ್ರಷ್ಟ ಆಚಾರವೆಂದು ಎಣಿಸುತ್ತದೆ; ಪ್ರಸಂಗಪೀಠದ ಮೇಲೆ ನಿಲ್ಲುವವರು ಇದನ್ನು ನೆನಪಿಡಬೇಕು.

ಒಂದು ಕಷ್ಟವನ್ನು ಮುಚ್ಚಿಡಲಾಗದು. 1950ರ ರಾಷ್ಟ್ರಪತಿಯ ಆಜ್ಞೆಯಂತೆ ಕ್ರೈಸ್ತನಾದ ದಲಿತನು ಪರಿಶಿಷ್ಟ ಜಾತಿಯವನಾಗಿ ಎಣಿಸಲ್ಪಡುವದಿಲ್ಲ. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಆ ಬಾಗಲು ತೆರೆಯಿತು, ನಮಗೆ ತೆರೆಯಲಿಲ್ಲ. ಊರವರು ಜಾತಿಯನ್ನು ಮರೆಯುವದಿಲ್ಲ, ಕಾಗದವು ಮಾತ್ರ ಮರೆತಿದೆ. ಇದರಿಂದ ಮನನೊಂದ ಕೆಲವರು, ನಮ್ಮನ್ನು ಯಾರೂ ಎಣಿಸುವದಿಲ್ಲವಾದ್ದರಿಂದ ಬಂದದ್ದನ್ನು ತೆಗೆದುಕೊಳ್ಳೋಣವೆನ್ನುತ್ತಾರೆ. ಆದರೆ ಮೀಸಲು ಸ್ಥಾನಕ್ಕೆ ನಿಲ್ಲುವ ಹಕ್ಕು ಇಲ್ಲವಾದರೂ ಓಟಿನ ಹಕ್ಕನ್ನು ಯಾವ ಆಜ್ಞೆಯೂ ಕಿತ್ತುಕೊಂಡಿಲ್ಲ. ಆ ಓಟನ್ನು ನಾವೇ ಮಾರಿದರೆ, ಉಳಿದಿರುವ ಒಂದೇ ಸಾಕ್ಷಿಯನ್ನೂ ಕಳಕೊಂಡವರಾಗುತ್ತೇವೆ. ನಮ್ಮ ನ್ಯಾಯವನ್ನು ಕೇಳೋಣ. ಪಟ್ಟಿಯೊಳಗಿರುವ ನೆರೆಯವನ ನ್ಯಾಯವನ್ನೂ ಅಷ್ಟೇ ಗಟ್ಟಿಯಾಗಿ ಕೇಳೋಣ.

ಆದಕಾರಣ ಪ್ರಿಯರೇ, ಕೈಮುಗಿದು ಬರುವವರಿಗೆ ಕುಳ್ಳಿರಲು ಚಾಪೆ ಹಾಕಿರಿ, ಕುಡಿಯಲು ನೀರು ಕೊಡಿರಿ, ಹೋದ ಐದು ವರುಷದ ಲೆಕ್ಕವನ್ನು ಮರ್ಯಾದೆಯಿಂದ ಕೇಳಿರಿ, ಅವರು ತಂದ ಗಂಟನ್ನು ಅವರ ಕೈಯಲ್ಲಿಯೇ ಕೊಟ್ಟು ಕಳುಹಿಸಿರಿ. ಆ ಕೋಣೆಯೊಳಗೆ ಯಜಮಾನನೂ ಇಲ್ಲ, ಗೌಡನೂ ಇಲ್ಲ, ಉಪದೇಶಿಯೂ ಇಲ್ಲ. ನೀವೂ ಅಂತರಂಗವನ್ನು ನೋಡುವ ದೇವರೂ ಮಾತ್ರ. ಅಲ್ಲಿ ಹೆದರದೆ ಬೆರಳನ್ನಿಡುವ ಧೈರ್ಯವನ್ನು ಕರ್ತನು ನಮ್ಮೆಲ್ಲರಿಗೂ ಅನುಗ್ರಹಿಸಲಿ.