ಇಸವಿ ಓದಬಲ್ಲವನ ಹೊಣೆ

ಆರನೇ ಜಾರ್ಜ್ ದೊರೆಯ 1939ರ ಬೆಳ್ಳಿ ರೂಪಾಯಿ ಸಿಕ್ಕರೆ ನಾಣ್ಯ ಸಂಗ್ರಾಹಕರಿಗೆ ಹಬ್ಬ. 1938ರ ರೂಪಾಯಿಯ ಪಕ್ಕದಲ್ಲಿಟ್ಟರೆ ಎರಡೂ ಒಂದೇ ಥರ ಕಾಣುತ್ತವೆ. ಒಂದು ಬದಿಗೆ ಕಿರೀಟ ತೊಟ್ಟ ರಾಜನ ತಲೆ, ಇನ್ನೊಂದು ಬದಿಗೆ ಹೂಬಳ್ಳಿಯ ನಡುವೆ ಇಂಗ್ಲಿಷ್ ಮತ್ತು ಪಾರಸಿ ಅಕ್ಷರಗಳು. ತೂಕ ಸರಿಯಾಗಿ ಒಂದು ತೊಲ, ಅಂದರೆ 11.66 ಗ್ರಾಂ, ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಬೆಳ್ಳಿ. ಆದರೂ ಇಸವಿಯ ಕೊನೆಯ ಅಂಕಿ ಎಂಟರ ಬದಲು ಒಂಬತ್ತಾದರೆ ಬೆಲೆ ಹತ್ತಾರು ಪಟ್ಟು ಏರುತ್ತದೆ. ಅದಕ್ಕೇ ನಕಲಿಗಳಿಗೂ ಬರವಿಲ್ಲ.

1939ರ ರೂಪಾಯಿಯ ಅಭಾವಕ್ಕೆ ಕಾರಣ ಯುದ್ಧ. 1940ರ ಜೂನ್‌ನಲ್ಲಿ ಫ್ರಾನ್ಸ್ ಜರ್ಮನಿಗೆ ಶರಣಾದಾಗ ಇಲ್ಲಿಯ ಜನಕ್ಕೆ ಕಾಗದದ ಹಣದ ಮೇಲೆ ನಂಬಿಕೆ ಅಲುಗಾಡಿತು. ನೋಟು ಕೊಟ್ಟು ಬೆಳ್ಳಿ ರೂಪಾಯಿ ಕೇಳುವವರು ಹೆಚ್ಚಿದರು. ಸರ್ಕಾರ ಒಂದು ರೂಪಾಯಿಯ ನೋಟನ್ನು ಚಲಾವಣೆಗೆ ತಂದಿತು, ಹೊಸ ರೂಪಾಯಿಯಲ್ಲಿ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿತು. ಮುಂದಿನ ಕೆಲವೇ ವರ್ಷಗಳಲ್ಲಿ ಹಳೆಯ ಮಟ್ಟದ ರೂಪಾಯಿಗಳನ್ನು ವಾಪಸು ಪಡೆದು ಕರಗಿಸಲಾಯಿತು. ಆ ಹಳೆಯ ಮಟ್ಟದ ಕೊನೆಯ ಇಸವಿಯೇ 1939. ಅದರಲ್ಲಿ ಉಳಿದದ್ದು ಬಲು ಕಡಿಮೆ.

ಉಳಿದದ್ದಾದರೂ ಹೇಗೆ? ಯಾರೋ ಕೊಡಲಿಲ್ಲ, ಅದಕ್ಕೇ ಉಳಿಯಿತು. ಬೆಳ್ಳಿ ಮನೆಯಲ್ಲಿರಲಿ ಎಂದು ಪೆಟ್ಟಿಗೆಯ ತಳದಲ್ಲಿಟ್ಟವರು, ಮಗಳ ಮದುವೆಗಾದೀತು ಎಂದು ಬಟ್ಟೆಯಲ್ಲಿ ಗಂಟು ಕಟ್ಟಿದವರು, ಲಕ್ಷ್ಮಿ ಎಂದು ಕಲಶದ ಮುಂದಿಟ್ಟು ಪೂಜಿಸಿದವರು ಅದನ್ನು ಮೂಸೆಗೆ ಬೀಳದಂತೆ ಕಾದರು. ಅವರಲ್ಲಿ ಬಹಳ ಜನಕ್ಕೆ ಅದರ ಮೇಲಿನ ಅಕ್ಷರ ಓದಲು ಬರುತ್ತಿರಲಿಲ್ಲ. ಅಪರೂಪದ ನಾಣ್ಯದ ಬಗ್ಗೆ ಮಾತನಾಡುವಾಗ ನಾವು ಮೊದಲು ನೆನೆಯಬೇಕಾದದ್ದು ಇವರನ್ನು ಎಂದು ನನ್ನ ನಂಬಿಕೆ.

ಏಕೆಂದರೆ ಇಂಥ ನಾಣ್ಯ ಮನೆಯಿಂದ ಹೊರಬರುವುದು ಬಹುತೇಕ ಕಷ್ಟಕಾಲದಲ್ಲಿ. ಆಸ್ಪತ್ರೆಯ ಖರ್ಚೋ ಮೊಮ್ಮಗನ ಕಾಲೇಜಿನ ಫೀಸೋ ಎದುರಾದಾಗ ಅಜ್ಜಿಯೊಬ್ಬರು ಬೆಳ್ಳಿ ಅಂಗಡಿಯ ಗಾಜಿನ ಮೇಲೆ ಗಂಟು ಬಿಚ್ಚುತ್ತಾರೆ. ಹತ್ತಾರು ರೂಪಾಯಿಗಳು, ಅಕ್ಷರಗಳ ಸಂದಿನಲ್ಲಿ ಇನ್ನೂ ಕುಂಕುಮ ಕೂತಿದೆ, ಅಂಚಿನಲ್ಲಿ ಬೆಳ್ಳಿ ಕಪ್ಪಾಗಿದೆ. ಒಂದೆರಡಕ್ಕೆ ಸರಕ್ಕೆ ಪೋಣಿಸಲು ಕೊಂಡಿ ಬೆಸೆದಿದ್ದಾರೆ. ಅಂಗಡಿಯವನು ಎಲ್ಲವನ್ನೂ ಒಟ್ಟಿಗೆ ತಕ್ಕಡಿಗೆ ಹಾಕುತ್ತಾನೆ. ಪಕ್ಕದಲ್ಲಿ ನಿಂತ ಸಂಗ್ರಾಹಕನ ಕಣ್ಣು ಒಂದು ನಾಣ್ಯದ ಮೇಲೆ ನಿಲ್ಲುತ್ತದೆ. ಬೆಳ್ಳಿ ರೇಟಿಗಿಂತ ನೂರು ರೂಪಾಯಿ ಜಾಸ್ತಿ ಕೊಡುತ್ತೇನೆ, ಇದೊಂದು ನನಗಿರಲಿ ಅನ್ನುತ್ತಾನೆ. ಅಜ್ಜಿ ಅವನಿಗೆ ಒಳ್ಳೆಯದಾಗಲಿ ಎಂದು ಹರಸುತ್ತಾರೆ.

ಸಂಗ್ರಾಹಕರ ನಡುವೆ ಇಂಥ ಕಥೆಗಳನ್ನು ಅದೃಷ್ಟದ ಕಥೆಗಳೆಂದು ಹೇಳಿಕೊಳ್ಳುವುದುಂಟು. ನನಗೆ ಆ ಹರಕೆಯನ್ನು ನೆನೆದರೆ ಸಂಕಟವಾಗುತ್ತದೆ. ಅಲ್ಲಿ ಯಾರೂ ಸುಳ್ಳು ಹೇಳಲಿಲ್ಲ, ತೂಕದಲ್ಲಿ ಮೋಸವಾಗಲಿಲ್ಲ. ಮೋಸವೆಲ್ಲ ಬಾಯಿ ಮುಚ್ಚಿಕೊಂಡದ್ದರಲ್ಲಿದೆ.

ವರ್ಷಗಟ್ಟಲೆ ಓದಿ, ನೋಡಿ, ಕೈಸುಟ್ಟುಕೊಂಡು ಕಲಿತ ವಿದ್ಯೆಗೆ ಬೆಲೆಯಿಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಬೆಲೆಯಿದೆ, ಅದನ್ನು ಕೇಳಿ ಪಡೆಯುವುದರಲ್ಲಿ ತಪ್ಪೂ ಇಲ್ಲ. ಪರೀಕ್ಷಿಸಿ ಹೇಳಿದ್ದಕ್ಕೆ ಇಷ್ಟು, ಮಾರಿಸಿಕೊಟ್ಟದ್ದಕ್ಕೆ ಇಷ್ಟು ಎಂದು ಮೊದಲೇ ಮಾತಾಡಿಕೊಳ್ಳಬಹುದು. ಆದರೆ ನಾಣ್ಯದ ಇಡೀ ಬೆಲೆ ಆ ವಿದ್ಯೆಯಿಂದ ಹುಟ್ಟಿದ್ದಲ್ಲ. ಅದರಲ್ಲಿ ದೊಡ್ಡ ಪಾಲು, ಹಸಿವಿನ ವರ್ಷಗಳಲ್ಲೂ ಅದನ್ನು ಮಾರದೆ ಇಟ್ಟುಕೊಂಡ ಮನೆಯದು. ಹರಾಜಿನಲ್ಲಿ, ಬಲ್ಲವರು ಬಲ್ಲವರೊಡನೆ ಚೌಕಾಸಿ ಮಾಡುವ ಕಡೆ ಮಾತು ಬೇರೆ. ಅಲ್ಲಿ ಇಬ್ಬರ ಕೈಯಲ್ಲೂ ಭೂತಗನ್ನಡಿ ಇರುತ್ತದೆ.

ಹೇಳಿಬಿಟ್ಟರೆ ನಾಣ್ಯ ಕೈತಪ್ಪಬಹುದು ಎಂಬ ಅಂಜಿಕೆ ನಿಜ. ಅಜ್ಜಿ ಅದನ್ನು ಮಗನಿಗೆ ತೋರಿಸಬೇಕು ಅನ್ನಬಹುದು, ಇನ್ನೂ ನಾಲ್ಕು ಕಡೆ ವಿಚಾರಿಸಬಹುದು, ಹೆಚ್ಚು ಕೊಟ್ಟವರಿಗೆ ಮಾರಬಹುದು, ಮಾರದೆ ಮನೆಗೇ ಒಯ್ಯಬಹುದು. ಹಾಗೆ ಮಾಡುವ ಹಕ್ಕು ಅವರದು. ಆಸೆ ಇದ್ದವನು ತನ್ನ ಬೆಲೆ ಹೇಳಿ, ಉಳಿದವರ ಜೊತೆ ತಾನೂ ಕಾಯಲಿ.