ಯಾರಿಗೂ ಹೇಳಬೇಡಿ ಅಂದ ಮೇಲೆ

ತುಮಕೂರು ಕಂದಾಯದ ಲೆಕ್ಕದಲ್ಲಿ ಒಂದೇ ಜಿಲ್ಲೆ, ಶಾಲೆಗಳ ಲೆಕ್ಕದಲ್ಲಿ ಎರಡು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕು ಸೇರಿದರೆ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ದಿನ ಈ ಜಿಲ್ಲೆ ಎಷ್ಟನೇ ಸ್ಥಾನದಲ್ಲಿದೆ ಎಂದು ಎಲ್ಲರೂ ಕೇಳುತ್ತಾರೆ. ಅಲ್ಲಿನ ಮಕ್ಕಳು ಹೇಗಿದ್ದಾರೆ ಎಂದು ಕೇಳುವವರು ಕಡಿಮೆ. ಈ ಸಂವಾದದಲ್ಲಿ ಮೂವರಿದ್ದಾರೆ: ಕೊರಟಗೆರೆ ಕಡೆಯ ಹೈಸ್ಕೂಲಿನಿಂದ ನಿವೃತ್ತರಾದ ಮೇಷ್ಟ್ರು, ಈಗ ಮಕ್ಕಳ ಆಪ್ತ ಸಮಾಲೋಚಕಿಯಾಗಿರುವ ಅವರ ಹಳೆಯ ವಿದ್ಯಾರ್ಥಿನಿ, ಪಾವಗಡ ತಾಲ್ಲೂಕಿನ ಒಬ್ಬ ರೈತ. ಮಾತು ನಡೆಯುವುದು ಮಧುಗಿರಿಯಲ್ಲಿ, ಮೇಷ್ಟ್ರ ಮನೆಯ ಜಗಲಿಯ ಮೇಲೆ.

ರೈತ: ಸುತ್ತಿ ಬಳಸಿ ಹೇಳಕ್ಕೆ ನನಗೆ ಬರಲ್ಲ ಮೇಷ್ಟ್ರೇ. ಮಗಳು ಒಂಬತ್ತನೇ ಕ್ಲಾಸು. ತನ್ನ ಕೈಗೆ ತಾನೇ ಗಾಯ ಮಾಡ್ಕೊಳ್ತಾ ಇದ್ದಾಳೆ. ಏಪ್ರಿಲ್ ತಿಂಗಳಲ್ಲಿ ನಮ್ಮ ಕಡೆ ಬಿಸಿಲು ಹೆಂಗಿರುತ್ತೆ ಅಂತ ನಿಮಗೆ ಗೊತ್ತು. ಆ ಬಿಸಿಲಲ್ಲೂ ಉದ್ದ ತೋಳಿನ ಬಟ್ಟೇನೇ ಹಾಕ್ಕೊಂಡಿರೋಳು. ಶೇಂಗಾ ಗಿಡ ಬಾಡಿದ್ರೆ ಬದುವಿನ ಮೇಲೆ ನಿಂತೇ ಹೇಳ್ತೀನಿ. ಮನೆಯೊಳಗಿನ ಮಗು ಬಾಡಿದ್ದು ಕಾಣಲಿಲ್ಲ. ಅವಳಮ್ಮ ನೋಡಿ ಅತ್ತಳು. ನಮ್ಮತ್ತಿಗೆ, ‘ಫೋನು ಕಿತ್ಕೊಂಡ್ರಲ್ಲ, ಅದಕ್ಕೆ ನಾಟಕ’ ಅಂದ್ರು.

ಸಮಾಲೋಚಕಿ: ನಾಟಕ ಆಡೋರಿಗೆ ನೋಡೋರು ಬೇಕು ಅಣ್ಣಾ. ಬೇಸಿಗೆ ಪೂರ್ತಿ ತೋಳು ಮುಚ್ಕೊಂಡು ಓಡಾಡಿದ ಹುಡುಗಿ ಯಾರಿಗೂ ಕಾಣಬಾರದು ಅಂತಿದ್ದಳು.

ಮೇಷ್ಟ್ರು: ಕಾಣಲಿ ಅಂತಲೇ ಮಾಡಿಕೊಂಡವರೂ ಇರ್ತಾರಲ್ಲಮ್ಮ. ಅವರದ್ದು ಏನನ್ನೋಣ?

ಸಮಾಲೋಚಕಿ: ಇರ್ತಾರೆ ಸಾರ್. ಬಾಯಲ್ಲಿ ಹೇಳಿದ್ದನ್ನ ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ, ಅದಕ್ಕೆ ಕಾಣೋ ಹಾಗೆ ಮಾಡಿದರು. ಬಚ್ಚಿಟ್ಟ ನೋವು ನಿಜ, ತೋರಿಸಿದ ನೋವು ಸುಳ್ಳು ಅಂತ ಭಾಗ ಮಾಡೋಕೆ ಆಗಲ್ಲ. ನಾಟಕ ಅನ್ನೋ ಮಾತು ಕಿವಿಗೆ ಬಿದ್ದ ಮಗು ಮುಂದಿನ ಸಲ ಇನ್ನೂ ಗಟ್ಟಿಯಾಗಿ ಬಾಗಿಲು ಹಾಕ್ಕೊಳ್ಳುತ್ತೆ.

ರೈತ: ಅವಳಿಗೆ ಸಾಯಬೇಕು ಅಂತ ಇದೆಯೇನಮ್ಮಾ? ಅದೊಂದು ಹೇಳು.

ಸಮಾಲೋಚಕಿ: ನೀವು ಅವಳನ್ನೇ ಕೇಳಿದ್ರಾ?

ರೈತ: ಅಯ್ಯೋ, ಹೆಂಗೆ ಕೇಳಲಿ? ಇಲ್ಲದ್ದನ್ನ ತಲೆಗೆ ತುಂಬಿದಂಗೆ ಆಗಲ್ವಾ?

ಸಮಾಲೋಚಕಿ: ಆಗಲ್ಲ. ಕೇಳಿದ್ದರಿಂದ ಆ ಯೋಚನೆ ಹುಟ್ಟಲ್ಲ. ಇದ್ದರೆ, ಹೇಳಿಕೊಳ್ಳೋಕೆ ಒಂದು ದಾರಿ ಸಿಗುತ್ತೆ. ತಮಗೆ ತಾವೇ ನೋವು ಮಾಡಿಕೊಳ್ಳೋ ಮಕ್ಕಳಲ್ಲಿ ಬಹಳ ಜನ ಸಾಯಬೇಕು ಅಂತ ಹಾಗೆ ಮಾಡಲ್ಲ. ಸಂಕಟ ತಡೆಯೋಕೆ ಆಗದೆ, ಬೇರೆ ದಾರಿ ಗೊತ್ತಿಲ್ಲದೆ ಮಾಡ್ತಾರೆ. ಸಂಕಟ ಹೋಗಲ್ಲ, ಅದರ ಮೇಲೆ ನಾಚಿಕೆಯೊಂದು ಸೇರುತ್ತೆ. ಹಾಗಂತ, ಸಾಯೋಕಲ್ವಲ್ಲ ಬಿಡು ಅಂತ ಸುಮ್ಮನಾಗಬೇಡಿ. ಒಂದು ಸಲ ಹೀಗೆ ಮಾಡಿಕೊಂಡವರಿಗೆ ಮುಂದೆ ಜೀವಕ್ಕೇ ಅಪಾಯ ಬರೋ ಸಾಧ್ಯತೆ ಉಳಿದವರಿಗಿಂತ ಹೆಚ್ಚು. ಇವತ್ತು ರಾತ್ರಿ ಮನೆಗೆ ಹೋಗಿ, ಪಕ್ಕದಲ್ಲಿ ಕೂತು ಕೇಳಿ. ಹೌದು ಅಂದ್ರೆ ಅವಳನ್ನ ಒಂಟಿಯಾಗಿ ಬಿಡಬೇಡಿ. ಹೊಲದ ಔಷಧಿ, ಮನೇಲಿರೋ ಮಾತ್ರೆ ಎಲ್ಲ ಬೀಗದೊಳಗಿರಲಿ. ಕೂಡಲೇ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಬೆಳಗಾಗೋದನ್ನ ಕಾಯದೆ ತಾಲ್ಲೂಕು ಆಸ್ಪತ್ರೆಗೆ ಕರ್ಕೊಂಡು ಹೋಗಿ. ಇಲ್ಲ ಅಂದ್ರೂ ಕೀಲಿ ಹಾಕೋದು ಒಳ್ಳೇದು, ಡಾಕ್ಟರಿಗೆ ತೋರಿಸೋದು ಬಿಡಬೇಡಿ.

ರೈತ: ಆಸ್ಪತ್ರೆಗೆ ಹೋದ್ರೆ ಪೊಲೀಸ್ ಕೇಸ್ ಆಗುತ್ತೆ ಅಂತಾರೆ. ನಾಳೆ ಮದುವೆ ಮಾಡಬೇಕಾದ ಹುಡುಗಿ.

ಮೇಷ್ಟ್ರು: ಆ ಭಯ ಸುಮ್ಮನೆ ಬಂದದ್ದಲ್ಲ. ಆತ್ಮಹತ್ಯೆಗೆ ಪ್ರಯತ್ನಿಸೋದು ಬ್ರಿಟಿಷರ ಕಾಲದಿಂದ ದಂಡ ಸಂಹಿತೆಯ 309ನೇ ಸೆಕ್ಷನ್ ಪ್ರಕಾರ ಅಪರಾಧವಾಗಿತ್ತು. ಹೊಟ್ಟೆನೋವು ಅಂತ ಬರೆಸಿ ಮನೆಗೆ ಕರ್ಕೊಂಡು ಬಂದವರನ್ನ ನಾನೇ ನೋಡಿದ್ದೀನಿ. ಹೊಟ್ಟೆನೋವಿಗೆ ಮಾತ್ರೆ ಕೊಡ್ತಿದ್ರು, ಇನ್ನೇನು ಕೊಟ್ಟಾರು?

ಸಮಾಲೋಚಕಿ: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಅದನ್ನ ಬದಲಾಯಿಸಿತು. 2018ರಿಂದ ಜಾರಿಯಲ್ಲಿದೆ. ಅಂಥ ಪ್ರಯತ್ನ ಮಾಡಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು, ಶಿಕ್ಷೆ ಕೊಡಬಾರದು. ಅವರಿಗೆ ಆರೈಕೆ, ಚಿಕಿತ್ಸೆ, ಪುನರ್ವಸತಿ ಕೊಡೋದು ಸರ್ಕಾರದ ಕರ್ತವ್ಯ ಅಂತ ಅದೇ ಸೆಕ್ಷನ್ ಹೇಳುತ್ತೆ. 2024ರ ಜುಲೈ 1ಕ್ಕೆ ಹಳೆಯ ದಂಡ ಸಂಹಿತೆಯೇ ಹೋಯಿತು, ಭಾರತೀಯ ನ್ಯಾಯ ಸಂಹಿತೆ ಬಂತು. ಆ 309 ಅದರಲ್ಲಿ ಇಲ್ಲ. ನಿಮ್ಮ ಮಗಳು ಅಪರಾಧಿ ಅಲ್ಲ ಅಣ್ಣಾ. ಕಾನೂನಿನ ಕಣ್ಣಲ್ಲಿ ಅವಳು ಆರೈಕೆ ಕೇಳೋ ಹಕ್ಕಿರೋಳು.

ರೈತ: (ತುಸು ಹೊತ್ತು ಬಿಟ್ಟು) ಇದನ್ನ ಯಾರೂ ನಮಗೆ ಹೇಳಿಲ್ಲ.

ಮೇಷ್ಟ್ರು: ನನ್ನ ಪ್ರಶ್ನೆ ಬೇರೆ ಇದೆ ಕಣಮ್ಮ. ನಿಮ್ಮ ಸಮಾಲೋಚನೆ ಎಲ್ಲ ಬರೋ ಮೊದಲು ಅಜ್ಜಿ ಇದ್ದಳು, ಪಕ್ಕದ ಮನೆ ಅಕ್ಕ ಇದ್ದಳು. ದೊಡ್ಡ ಸಂಸಾರದಲ್ಲಿ ದುಃಖ ಹಂಚಿಹೋಗ್ತಿತ್ತು. ಈಗ ಒಂದು ಕೋಣೆ, ಒಂದು ಫೋನು. ಕಳಕೊಂಡಿದ್ದಕ್ಕೆ ಸಂಬಳದ ನೌಕರಿಯೊಂದನ್ನ ಸೃಷ್ಟಿ ಮಾಡಿದರೆ ತುಂಬುತ್ತಾ?

ಸಮಾಲೋಚಕಿ: ಅಜ್ಜಿ ಮಡಿಲಲ್ಲಿ ಅತ್ತ ಮಕ್ಕಳು ಇದ್ದರು, ಒಪ್ತೀನಿ. ಅದೇ ದೊಡ್ಡ ಮನೇಲಿ ಬಾಯಿ ಬಿಡಲಾಗದ ಹುಡುಗಿಯರೂ ಇದ್ದರು ಸಾರ್. ಸೋದರಮಾವನಿಗೇ ಕೊಡಬೇಕು ಅಂತ ಹಿರಿಯರು ಕೂತು ತೀರ್ಮಾನ ಮಾಡಿದ ಮೇಲೆ, ಬೇಡ ಅಂತ ಯಾರ ಹತ್ತಿರ ಹೇಳಬೇಕಿತ್ತು? ಕೇಳಿಸಿಕೊಳ್ಳಬೇಕಾದವರೇ ತೀರ್ಮಾನ ಮಾಡೋರೂ ಆದಾಗ ಮಗುವಿಗೆ ಮಾತಿಲ್ಲ. ಮೈ ಮೇಲೆ ದೇವರು ಬರೋದು, ದೆವ್ವ ಹಿಡಿಯೋದು ಹೆಚ್ಚಾಗಿ ಯಾರಿಗೆ ಆಗ್ತಿತ್ತು ಅಂತ ನೆನೆಸಿಕೊಳ್ಳಿ. ಮನೇಲಿ ಮಾತಿಗೆ ಬೆಲೆ ಇಲ್ಲದವರಿಗೆ. ಮನೆಯವರಲ್ಲದ ಒಬ್ಬರು ಬೇಕಾಗೋದು ಅದಕ್ಕೇ.

ಮೇಷ್ಟ್ರು: ಮನೆಯವರಲ್ಲದ ಒಬ್ಬರು ಅಂದರೆ ಮೇಷ್ಟ್ರು. ದಿನಾ ಮುಖ ನೋಡೋರು ನಾವು.

ಸಮಾಲೋಚಕಿ: ಮುಖ ನೋಡೋರೂ ನೀವೇ, ಅಂಕ ಹಾಕೋರೂ ನೀವೇ. ಬಿಹಾರದ ನಳಂದಾ ಜಿಲ್ಲೇಲಿ 74 ಪ್ರೌಢಶಾಲೆ ಇಟ್ಟುಕೊಂಡು ಪ್ರಯೋಗ ಮಾಡಿದರು, 2018ರಲ್ಲಿ ಲ್ಯಾನ್ಸೆಟ್ ಪತ್ರಿಕೇಲಿ ಬಂತು. ಒಂದೇ ಕಾರ್ಯಕ್ರಮ. ಕೆಲವು ಶಾಲೇಲಿ ಮೇಷ್ಟ್ರುಗಳೇ ನಡೆಸಿದರು. ಕೆಲವು ಕಡೆ ಇದೇ ಕೆಲಸಕ್ಕೆ ತರಬೇತಿ ಕೊಟ್ಟ ಊರಿನ ಸಾಮಾನ್ಯ ಯುವಕ ಯುವತಿಯರು ನಡೆಸಿದರು, ಅವರು ಡಾಕ್ಟರೂ ಅಲ್ಲ, ಮನಶ್ಶಾಸ್ತ್ರಜ್ಞರೂ ಅಲ್ಲ. ಅವರಿದ್ದ ಶಾಲೇಲಿ ಮಕ್ಕಳ ಖಿನ್ನತೆ ಕಡಿಮೆ ಆಯ್ತು, ಒಬ್ಬರನ್ನೊಬ್ಬರು ಪೀಡಿಸೋದು ಕಡಿಮೆ ಆಯ್ತು. ಮೇಷ್ಟ್ರುಗಳು ನಡೆಸಿದ ಶಾಲೆಗೂ ಏನೂ ನಡೆಸದ ಶಾಲೆಗೂ ವ್ಯತ್ಯಾಸವೇ ಕಾಣಲಿಲ್ಲ.

ಮೇಷ್ಟ್ರು: ಮೇಷ್ಟ್ರುಗಳಿಗೆ ಪ್ರೀತಿ ಇಲ್ಲ ಅಂತಲಾ?

ಸಮಾಲೋಚಕಿ: ನಿಮ್ಮ ಪ್ರೀತಿ ಉಂಡು ಬೆಳೆದವಳು ನಾನು. ಸಮಯ ಇಲ್ಲ ಸಾರ್. ಬಿಸಿಯೂಟದ ಲೆಕ್ಕ, ಜನಗಣತಿ, ಚುನಾವಣೆ, ಫಲಿತಾಂಶ ಕಮ್ಮಿ ಬಂದರೆ ನೋಟಿಸು. ಮೊದಲ ಸಲ ನೋಡೋದು, ಕೇಳೋದು ಮೇಷ್ಟ್ರೂ ಮಾಡಬಹುದು, ಹಾಸ್ಟೆಲ್ ವಾರ್ಡನ್ನೂ ಮಾಡಬಹುದು, ಆಶಾ ಕಾರ್ಯಕರ್ತೆಯೂ ಮಾಡಬಹುದು. ಮಾಡಲೇಬೇಕು. ಆದರೆ ಮುಂದಿನ ವಾರ ಹೇಗಿದ್ದೀಯ, ಅದರ ಮುಂದಿನ ತಿಂಗಳು ಹೇಗಿದ್ದೀಯ ಅಂತ ಕೇಳ್ತಾ ಹೋಗೋದು ಯಾರಾದರೂ ಒಬ್ಬರ ಕೆಲಸವೇ ಆಗಿರಬೇಕು. ಎಲ್ಲರ ಜವಾಬ್ದಾರಿ ಅಂದರೆ ಯಾರೂ ಮಾಡಲ್ಲ.

ರೈತ: ಬರೀ ಹೆಂಗಿದ್ದೀಯ ಅಂತ ಕೇಳೋದರಿಂದ ಏನಾಗುತ್ತಮ್ಮಾ?

ಸಮಾಲೋಚಕಿ: ಆಗುತ್ತೆ. ಆತ್ಮಹತ್ಯೆಗೆ ಪ್ರಯತ್ನಿಸಿ ಆಸ್ಪತ್ರೆಗೆ ಬಂದವರ ಮೇಲೆ ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳಲ್ಲಿ ಅಧ್ಯಯನ ಮಾಡಿತು. ನಮ್ಮ ಪಕ್ಕದ ಚೆನ್ನೈ ಅದರಲ್ಲಿತ್ತು. ಒಟ್ಟು 1,867 ಜನ. ಅರ್ಧ ಜನರಿಗೆ ಮಾಮೂಲಿ ಚಿಕಿತ್ಸೆ. ಉಳಿದ ಅರ್ಧ ಜನರ ಜೊತೆ ಸುಮಾರು ಒಂದು ಗಂಟೆ ಮಾತಾಡಿ, ಆಮೇಲೆ ಒಂದೂವರೆ ವರ್ಷ ಆಗಾಗ ಫೋನ್ ಮಾಡೋದು, ಮನೆಗೆ ಹೋಗಿ ಬರೋದು ಮಾಡಿದರು. ಮಾಮೂಲಿ ಗುಂಪಿನಲ್ಲಿ 18 ಜನ ಆತ್ಮಹತ್ಯೆ ಮಾಡಿಕೊಂಡರು. ಹೀಗೆ ವಿಚಾರಿಸಿಕೊಂಡ ಗುಂಪಿನಲ್ಲಿ ಇಬ್ಬರು. 2008ರಲ್ಲಿ ಪ್ರಕಟವಾದ ಲೆಕ್ಕ ಇದು.

ಮೇಷ್ಟ್ರು: ಹದಿನೆಂಟು, ಎರಡು. (ಮೌನ) ಇರಲಿ. ನನ್ನನ್ನ ಬಹಳ ವರ್ಷದಿಂದ ಕಾಡ್ತಿರೋದು ಇನ್ನೊಂದು. ಮಗು ಬಂದು ‘ಸಾರ್, ಯಾರಿಗೂ ಹೇಳಬೇಡಿ’ ಅನ್ನುತ್ತೆ. ನಂಬಿ ಹೇಳುತ್ತೆ. ಅಪ್ಪ ಅಮ್ಮನಿಗೆ ಹೇಳಿದರೆ ನಂಬಿಕೆದ್ರೋಹ. ಹೇಳದೆ ಇದ್ದು ಏನಾದರೂ ಆದರೆ ಜೀವದ್ರೋಹ. ಇದರಲ್ಲಿ ಧರ್ಮ ಯಾವ ಕಡೆ?

ಸಮಾಲೋಚಕಿ: ಯಾರಿಗೂ ಹೇಳಲ್ಲ ಅಂತ ನಾನು ಮಾತು ಕೊಡೋದೇ ಇಲ್ಲ.

ಮೇಷ್ಟ್ರು: ಹಾಗಾದರೆ ಮಗು ಬಾಯೇ ಬಿಡಲ್ಲ.

ಸಮಾಲೋಚಕಿ: ಬಿಡ್ತಾರೆ. ಮಾತು ಶುರುವಾಗೋ ಮೊದಲೇ ಹೇಳಿಬಿಡ್ತೀನಿ: ನೀನು ಹೇಳಿದ್ದು ನನ್ನಲ್ಲೇ ಇರುತ್ತೆ. ನಿನ್ನ ಜೀವಕ್ಕೆ ಅಪಾಯ ಇದೆ, ಇಲ್ಲ ನಿನಗೆ ಯಾರೋ ತೊಂದರೆ ಕೊಡ್ತಿದ್ದಾರೆ ಅಂತ ಗೊತ್ತಾದರೆ ಮಾತ್ರ ನಾನು ಸುಮ್ಮನಿರಲ್ಲ. ಆಗ ಅಮ್ಮನಾ, ಅಕ್ಕನಾ, ಯಾರಿಗೆ ಮೊದಲು ಹೇಳಬೇಕು ಅಂತ ನೀನು ಹೇಳು. ಹೇಳುವಾಗ ನೀನೂ ಪಕ್ಕದಲ್ಲಿರು, ನಿನ್ನ ಬೆನ್ನ ಹಿಂದೆ ಹೇಳಲ್ಲ.

ಮೇಷ್ಟ್ರು: ಅದು ಷರತ್ತಿನ ನಂಬಿಕೆ ಆಯ್ತಲ್ಲ. ಷರತ್ತು ಹಾಕಿದ ಮೇಲೆ ಅದು ನಂಬಿಕೆ ಹೇಗಾದೀತು?

ಸಮಾಲೋಚಕಿ: ಷರತ್ತೇ ಇಲ್ಲದ ಮೌನದಿಂದ ಅವಳಿಗೆ ಏನು ಸಿಕ್ಕಿತು ಸಾರ್? ಮೊದಲು ಆ ಗುಟ್ಟನ್ನ ಒಬ್ಬಳೇ ಹೊತ್ತಿದ್ದಳು. ಈಗ ನೀವಿಬ್ಬರೂ ಒಬ್ಬೊಬ್ಬರಾಗಿಯೇ ಹೊತ್ತಿದ್ದೀರಿ. ಅವಳ ಒಂಟಿತನ ಕಮ್ಮಿ ಆಗಲಿಲ್ಲ. ಯಾರಿಗೂ ಹೇಳಬೇಡಿ ಅನ್ನೋ ಮಗುವಿನ ಮಾತಲ್ಲಿ ಎರಡು ಬೇಡಿಕೆ ಇರುತ್ತೆ. ನನಗೆ ಅವಮಾನ ಮಾಡಬೇಡಿ ಅನ್ನೋದು ಒಂದು, ನನ್ನನ್ನ ಕೈಬಿಡಬೇಡಿ ಅನ್ನೋದು ಇನ್ನೊಂದು. ಮೊದಲನೇದನ್ನ ಪೂರ್ತಿ ಉಳಿಸಿಕೊಡಬಹುದು. ಸ್ಟಾಫ್ ರೂಮಲ್ಲಿ ಅದು ಮಾತಾಗಬಾರದು, ತರಗತಿಯಲ್ಲಿ ಎದ್ದು ನಿಲ್ಲಿಸಿ ತೋಳು ಸರಿಸು ಅನ್ನಬಾರದು, ಊರಿಗೆ ತಿಳಿಯಬಾರದು. ಎರಡನೇದನ್ನ ಉಳಿಸೋಕೆ ಇನ್ನೊಬ್ಬ ದೊಡ್ಡವರು ಬೇಕೇ ಬೇಕು.

ಮೇಷ್ಟ್ರು: ಅಂದರೆ ಮಾತಿಗೆ ತಪ್ಪೋದಲ್ಲ, ಕೊಡಬಾರದ ಮಾತನ್ನ ಕೊಡದೇ ಇರೋದು.

ಸಮಾಲೋಚಕಿ: ಹೌದು. ಆ ಇನ್ನೊಬ್ಬ ದೊಡ್ಡವರೇ ಹೊಡೆಯೋರಾಗಿದ್ದರೆ ಅವರಿಗೆ ಹೇಳಬಾರದು, ಮಕ್ಕಳ ಸಹಾಯವಾಣಿ 1098ಕ್ಕೆ ಹೇಳಬೇಕು. ಅಪ್ಪ ಅಂದಕೂಡಲೇ ಆಸರೆ ಅಂತ ಅಂದುಕೊಳ್ಳೋಕೆ ಆಗಲ್ಲ. ನಿಮ್ಮ ವಿಷಯ ಅಲ್ಲ ಅಣ್ಣಾ.

ರೈತ: ನನಗೆ ಹೇಳಿದ್ದಿದ್ರೆ ನಾನೇನು ಮಾಡ್ತಿದ್ದೆ ಅಂತ ನನಗೇ ಗೊತ್ತಿಲ್ಲಮ್ಮಾ. ಬಹುಶಃ ಕೂಗಾಡ್ತಿದ್ದೆ. ಅವಳು ಹೆದರಿದ್ರಲ್ಲಿ ತಪ್ಪಿಲ್ಲ.

ಸಮಾಲೋಚಕಿ: ಇವತ್ತು ಕೂಗಾಡಬೇಡಿ. ಯಾಕೆ ಹಿಂಗೆ ಮಾಡಿದೆ ಅಂತ ಕೇಳಬೇಡಿ, ಅದು ವಿಚಾರಣೆ ಆಗುತ್ತೆ. ಏನಾಗ್ತಿದೆ, ಯಾವಾಗಿಂದ ಅಂತ ಕೇಳಿ. ಇನ್ನು ಮಾಡಲ್ಲ ಅಂತ ಆಣೆ ಹಾಕಿಸಬೇಡಿ, ಆಣೆ ಮುರಿದ ದಿನ ಇನ್ನೂ ಗುಟ್ಟು ಮಾಡ್ತಾಳೆ. ಮನೇಲಿ ನೀವು ಮಾತಾಡೋದು ತೆಲುಗು ಅಲ್ವಾ? ತೆಲುಗಲ್ಲೇ ಕೇಳಿ.

ರೈತ: ಹೌದು. ಶಾಲೇಲಿ ಕನ್ನಡ, ಮನೇಲಿ ತೆಲುಗು. ಮೂರು ದಿಕ್ಕಿಗೂ ಆಂಧ್ರವೇ ಅಲ್ವಾ ನಮಗೆ.

ಸಮಾಲೋಚಕಿ: ಅದಕ್ಕೇ 14416 ಹೇಳಿದ್ದು. ಟೆಲಿ ಮಾನಸ್, 2022ರ ಅಕ್ಟೋಬರ್ 10ರಂದು ಶುರುವಾಯ್ತು, ಅದರ ಮೇಲುಸ್ತುವಾರಿ ನಿಮ್ಹಾನ್ಸ್‌ದು. ಇಪ್ಪತ್ತು ಭಾಷೇಲಿದೆ, ಕನ್ನಡವೂ ಇದೆ, ತೆಲುಗೂ ಇದೆ. ಆದರೆ ಫೋನೊಂದೇ ಸಾಲದು. ಮನೋಚೈತನ್ಯ ಅಂತ ಕಾರ್ಯಕ್ರಮ ಇದೆ, ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬಂದು ನೋಡಬೇಕು. ನಿಮ್ಮೂರಿಗೆ ಯಾವ ಮಂಗಳವಾರ ಅಂತ ಆಸ್ಪತ್ರೇಲಿ ವಿಚಾರಿಸಿ. ಪಾವಗಡದಿಂದ ತುಮಕೂರಿಗೆ ನೂರು ಕಿಲೋಮೀಟರ್ ಹತ್ತಿರ. ಅಲ್ಲಿಗೇ ಹೋಗಿ ಅಂದರೆ ಒಂದು ದಿನದ ಕೂಲಿ, ಬಸ್ ಚಾರ್ಜು, ಶಾಲೆಗೆ ರಜೆ, ನೆಂಟರ ಪ್ರಶ್ನೆ. ಮೂರನೇ ಸಲ ಯಾರೂ ಹೋಗಲ್ಲ.

ಮೇಷ್ಟ್ರು: ನಮ್ಮ ಹಳ್ಳಿಗಳಿಗೆ ಇದೆಲ್ಲ ದೊಡ್ಡ ಮಾತು ಅಂತಾರೆ ಅಧಿಕಾರಿಗಳು.

ಸಮಾಲೋಚಕಿ: ಹಳ್ಳಿಯಲ್ಲೇ ಇದು ಶುರುವಾದದ್ದು ಸಾರ್. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶಕ್ಕೆಲ್ಲ ಬಂದದ್ದು 1996ರಲ್ಲಿ. ಅದಕ್ಕೆ ಮಾದರಿ ನಮ್ಮ ಬಳ್ಳಾರಿ, 1985ರಿಂದ ನಿಮ್ಹಾನ್ಸ್‌ನವರು ಅಲ್ಲಿ ಮಾಡಿ ತೋರಿಸಿದ್ದರು. ನಮ್ಮದೇ ತುಮಕೂರು ಜಿಲ್ಲೆಯ ತುರುವೇಕೆರೆಯಲ್ಲಿ, ಸ್ಕಿಜೋಫ್ರೇನಿಯಾದಂಥ ದೊಡ್ಡ ಕಾಯಿಲೆ ಇರುವವರಿಗೇ ತಾಲ್ಲೂಕಿನಲ್ಲೇ ವರ್ಷಗಟ್ಟಲೆ ಚಿಕಿತ್ಸೆ ಕೊಟ್ಟು, ಮನೆಗೆ ಹೋಗಿ ವಿಚಾರಿಸಿಕೊಂಡು ಬಂದಿದ್ದಾರೆ. ತುರುವೇಕೆರೆಯಲ್ಲಿ ಆದದ್ದು ಶಿರಾದಲ್ಲಿ, ಪಾವಗಡದಲ್ಲಿ ಆಗಲ್ಲ ಅಂದರೆ ನಾನು ಒಪ್ಪಲ್ಲ.

ಮೇಷ್ಟ್ರು: ಸುಪ್ರೀಂ ಕೋರ್ಟ್ ಏನೋ ಹೇಳಿದೆ ಅಂತ ಓದಿದೆ.

ಸಮಾಲೋಚಕಿ: 2025ರ ಜುಲೈ 25ರ ತೀರ್ಪು. ವಿಶಾಖಪಟ್ಟಣದಲ್ಲಿ ಓದ್ತಿದ್ದ ಹುಡುಗಿಯೊಬ್ಬಳ ಸಾವಿನ ಪ್ರಕರಣ. ನೂರು ಅಥವಾ ಹೆಚ್ಚು ಮಕ್ಕಳಿರೋ ಪ್ರತಿಯೊಂದು ಶಿಕ್ಷಣ ಸಂಸ್ಥೆಗೂ ಕನಿಷ್ಠ ಒಬ್ಬ ಅರ್ಹ ಸಮಾಲೋಚಕರು ಇರಬೇಕು. ನೂರಕ್ಕಿಂತ ಕಡಿಮೆ ಇದ್ದರೆ ಹೊರಗಿನ ತಜ್ಞರ ಜೊತೆ ಔಪಚಾರಿಕ ಸಂಪರ್ಕ ಇರಬೇಕು. ಸಿಬ್ಬಂದಿಗೆ ವರ್ಷಕ್ಕೆ ಎರಡು ಸಲ ತರಬೇತಿ. ಸಹಾಯವಾಣಿ ನಂಬರು ಹಾಸ್ಟೆಲಲ್ಲಿ, ತರಗತಿಯಲ್ಲಿ ಕಾಣೋ ಹಾಗೆ ಬರೆದಿರಬೇಕು. ಅಂಕ ನೋಡಿ ಮಕ್ಕಳನ್ನ ಬೇರೆ ಬೇರೆ ಕೂರಿಸಬಾರದು, ಎಲ್ಲರೆದುರು ಅವಮಾನ ಮಾಡಬಾರದು. ಕಾನೂನು ಬರೋ ತನಕ ಇದೇ ಕಾನೂನು.

ಮೇಷ್ಟ್ರು: ಹಳ್ಳಿ ಹೈಸ್ಕೂಲುಗಳಲ್ಲಿ ನೂರು ಮಕ್ಕಳು ಇಲ್ಲದವು ಬಹಳ. ಔಪಚಾರಿಕ ಸಂಪರ್ಕ ಅಂದರೆ ಒಂದು ಫೈಲು, ಒಂದು ಸಹಿ ಅಂತ ಆಗಿಬಿಡುತ್ತೆ.

ಸಮಾಲೋಚಕಿ: ಆಗಬಾರದು ಅಂದರೆ ಯಾರಾದರೂ ಬೆನ್ನು ಹತ್ತಬೇಕು. ನಾಲ್ಕೈದು ಸಣ್ಣ ಶಾಲೆಗೆ ಒಬ್ಬರು, ಯಾವ ವಾರ ಯಾವ ಶಾಲೆ ಅಂತ ಗೋಡೆ ಮೇಲೆ ಬರೆದಿರಲಿ. ಹೆಣ್ಣುಮಕ್ಕಳಿಗೆ ಹೆಂಗಸರು ಸಿಗಲಿ, ಪಾವಗಡಕ್ಕೆ ತೆಲುಗು ಬರೋರು ಹೋಗಲಿ.

ಮೇಷ್ಟ್ರು: ಮೇಷ್ಟ್ರು ಸಾಲದು ಅಂತ ನೀನು ಹೇಳಿದ್ದನ್ನ ನಾನು ಪೂರ್ತಿ ಒಪ್ಪಿಲ್ಲ, ಅದು ನೆನಪಿರಲಿ. ಆದರೆ ಶಿಕ್ಷಣ ಇಲಾಖೆಯ ಉಪನಿರ್ದೇಶಕರ ಕಚೇರಿ ಇಲ್ಲೇ ಮಧುಗಿರಿಯಲ್ಲೇ ಇದೆ. ನಾನು ಅರ್ಜಿ ಬರೀತೀನಿ. ನಾಲ್ಕೂ ತಾಲ್ಲೂಕಿನ ನಿವೃತ್ತ ಮೇಷ್ಟ್ರುಗಳ ಸಹಿ ಹಾಕಿಸ್ತೀನಿ. ಏನೇನು ಕೇಳಬೇಕು, ನೀನು ಹೇಳು.

ರೈತ: ನನ್ನ ಸಹಿನೂ ಇರಲಿ ಮೇಷ್ಟ್ರೇ. ಮಗಳ ಹೆಸರು ಬೇಡ. ಅಪ್ಪ ಅಂತ ಹಾಕ್ಕೊಳ್ಳಿ.

ಓದುಗರಲ್ಲಿ ಒಂದು ಮಾತು. ನಿಮ್ಮೂರಿನ ಶಾಲೆ, ಹಾಸ್ಟೆಲಿನ ಗೋಡೆಯ ಮೇಲೆ ಈ ನಂಬರು ಬರೆದಿದೆಯೇ ಎಂದು ನೋಡಿ, ಇಲ್ಲದಿದ್ದರೆ ಬರೆಸಿ. ಟೆಲಿ ಮಾನಸ್ 14416 ಅಥವಾ 1800-891-4416: ದಿನದ 24 ಗಂಟೆ, ಉಚಿತ. ಕರೆ ಮಾಡಲು ಮಗುವೇ ಆಗಬೇಕಿಲ್ಲ. ತಂದೆ, ತಾಯಿ, ಮೇಷ್ಟ್ರು, ವಾರ್ಡನ್, ಗೆಳತಿ ಯಾರು ಬೇಕಾದರೂ ಮಾಡಬಹುದು.